ಹದಿನಾಲ್ಕನೇ ನಂಬರಿನ ಮರ

ಬೆಳಕೆಯ ವೆಂಕಟನ ಅಂಗಳದ ಮಾವಿನ ಮರಕ್ಕೆ ಹದಿನಾಲ್ಕು ಅಂತ ನಂಬರು ಬಿದ್ದು ಎರಡು ವರ್ಷವಾಗಿತ್ತು. ಮರದ ತುದಿಯಲ್ಲಿ ಕಡಲ ಹದ್ದಿನ ಜೋಡಿಯೊಂದು ಗಾಡಿಚಕ್ರದಷ್ಟು ಅಗಲದ ಗೂಡು ಕಟ್ಟಿಕೊಂಡಿತ್ತು. ಭಟ್ಕಳದಿಂದ ಕುಮಟೆಯವರೆಗೆ ಇಂಥ ಗೂಡುಗಳನ್ನೆಲ್ಲ ಹುಡುಕಿ ಬರೆದಿಡುತ್ತಿದ್ದ ಕಾಲೇಜಿನ ಸುಪ್ರಿಯಾ ಮೇಡಂ ಒಂದು ದಿನ ಬಂದರು. ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡಿದರು. ಕಾಂಡಕ್ಕೆ ತಗಡಿನ ಬಿಲ್ಲೆ ಕಟ್ಟಿ, ಈ ಹಕ್ಕಿಗಳಿಗೆ ಗೂಡು ಕಟ್ಟಲು ದೊಡ್ಡ ಮರಗಳೇ ಉಳಿಯುತ್ತಿಲ್ಲ, ದಯವಿಟ್ಟು ಇದನ್ನು ಕಡಿಯಬೇಡಿ ಎಂದು ಕೇಳಿಕೊಂಡರು. ವೆಂಕಟ ಒಪ್ಪಿದ. ಹೊನ್ನಾವರದಲ್ಲಿ ಸಭೆ ಮಾಡಿ ಅವನಿಗೆ ಶಾಲು ಹೊದೆಸಿ 'ಗೂಡು ಪಾಲಕ' ಎಂಬ ಪ್ರಮಾಣಪತ್ರ ಕೊಟ್ಟರು. ಇಪ್ಪತ್ತೆಂಟು ವರ್ಷ ಸಮುದ್ರಕ್ಕೆ ಹೋದವನಿಗೆ ಅದುವರೆಗೆ ಯಾರೂ ಒಂದು ಕರವಸ್ತ್ರವನ್ನೂ ಕೊಟ್ಟಿರಲಿಲ್ಲ. ಅವನು ಆ ಶಾಲನ್ನು ಮೇ ತಿಂಗಳ ಸೆಕೆಯಲ್ಲೂ ಹೊದ್ದು ಓಡಾಡಿದ.

ಹದ್ದುಗಳು ಊಟದ ವಿಷಯದಲ್ಲಿ ಧಾರಾಳಿಗಳು. ತಿಂದಷ್ಟೇ ಕೆಳಗೂ ಬೀಳಿಸುತ್ತಿದ್ದವು. ಮೀನಿನ ತಲೆ, ಮುಳ್ಳು, ಕರುಳು, ವಾರಕ್ಕೆರಡು ಸಲ ಕಡಲ ಹಾವು. ಇವೆಲ್ಲದರ ಮೇಲೆ ಹಿಕ್ಕೆ, ಅದಕ್ಕೆ ಹೊತ್ತು ಗೊತ್ತು ಇರಲಿಲ್ಲ. ವೆಂಕಟನ ಮಗಳು ಸುಚಿತಾ ಭಟ್ಕಳದ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಬಿಳಿ ಕೋಟು ಹಾಕಬೇಕು. ಒಗೆದು ಹಗ್ಗಕ್ಕೆ ಹಾಕಿದ ಕೋಟು ಒಣಗುವುದರೊಳಗೆ ಮತ್ತೆ ಒಗೆಯುವ ಹಾಗಾಗುತ್ತಿತ್ತು. ಹೋದ ವರ್ಷ ಬೈಂದೂರು ಕಡೆಯಿಂದ ಅವಳನ್ನು ನೋಡಲು ಬಂದವರ ಪೈಕಿ ಹುಡುಗನ ಮಾವನ ಚಾ ಲೋಟದೊಳಗೇ ಏನೋ ಒಂದು ಬಿತ್ತು. ಜಾತಕ ಕೂಡುವುದಿಲ್ಲ ಎಂದು ಅವರು ಊರು ಮುಟ್ಟುವ ಮೊದಲೇ ದಾರಿಯಿಂದ ಫೋನು ಮಾಡಿ ತಿಳಿಸಿದರು.

ಅಂದಿನಿಂದ ಸುಚಿತಾಳದು ಒಂದೇ ಪಟ್ಟು. "ಹುಡುಗ ಹ್ಯಾಂಗೆ ಇರ್ಲಿ ಅಪ್ಪಾ. ಆ ಮನೆ ಮೇಲೆ ಹದ್ದು ಮಾತ್ರ ಇರೂಕಾಗ."

ಈ ಡಿಸೆಂಬರಿನಲ್ಲಿ ಸಂಬಂಧವೊಂದು ತಾನಾಗಿಯೇ ಬಂತು. ಹೊನ್ನಾವರದ ಕಡೆಯವರು. ಹುಡುಗ ವಿಶಾಲ ಬೋಟಿನ ಇಂಜಿನು ರಿಪೇರಿ ಮಾಡುವವನು, ತಾಯಿ ಕಮಲಿ ಮೀನು ವ್ಯಾಪಾರದವಳು. ವೆಂಕಟ ಮೂರು ಬಂದರುಗಳಲ್ಲಿ ವಿಚಾರಿಸಿದ. ಹುಡುಗ ಕುಡಿಯುವುದಿಲ್ಲ, ಮನೆಗೆ ಹಂಚು ಹೊದೆಸಿದೆ, ಬಾವಿಯ ನೀರು ಸಿಹಿ ಎಂಬುದೆಲ್ಲ ತಿಳಿಯಿತು. ಭಾನುವಾರ ಹನ್ನೊಂದಕ್ಕೆ ಹತ್ತು ಜನ ಬರುತ್ತೇವೆ ಎಂದು ಅವರು ಹೇಳಿಕಳಿಸಿದರು. ವೆಂಕಟನ ಜಗಲಿಯಲ್ಲಿ ನಾಲ್ಕು ಜನ ಕೂತರೆ ಐದನೆಯವನು ಅಡುಗೆಮನೆಯಲ್ಲಿ ಕೂರಬೇಕು. ಆದ್ದರಿಂದ ಕುರ್ಚಿಗಳನ್ನು ಅಂಗಳದಲ್ಲೇ ಹಾಕಬೇಕಾಯಿತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೆಂಡತಿ ಜಯಂತಿ ಅಂಗಳ ಸಾರಿಸಿ ರಂಗೋಲಿ ಎಳೆದು ಒಳಗೆ ಹೋದಳು. ಏಳೂಕಾಲಿಗೆ ರಂಗೋಲಿಯ ನಡುವೆ ಅರ್ಧ ಹಾವು ಬಿತ್ತು. ಪಕ್ಕದ ಮನೆಯ ಜಟ್ಟಿ ಬೇಲಿಯ ಮೇಲಿಂದ ಅದನ್ನು ನೋಡಿದ. ಜಟ್ಟಿ ದೋಣಿ ನಡೆಸುವ ತಾಂಡೇಲನಾಗಿದ್ದು ನಿವೃತ್ತನಾದವನು. ಅಪ್ಪಣೆ ಪಾಲಿಸಲು ಆಳುಗಳಿಲ್ಲದ ಕಾರಣ ಈಗ ಊರಿಗೇ ಅಪ್ಪಣೆ ಕೊಡುತ್ತಿದ್ದ. ಹೆಣ್ಣು ನೋಡಲು ಬಂದವರ ಮುಂದೆ ಹಾವು ಬಿದ್ದರೆ ಸಂಬಂಧ ಮುರಿದ ಹಾಗೇ ಎಂದು ಅವನು ಸಾರಿದ. ನಂತರ ತನ್ನ ಹಳೆಯ ಬಲೆಯೊಂದನ್ನು ಹೊತ್ತು ತಂದು, ಮಾಡಿನಿಂದ ತೆಂಗಿನ ಮರದವರೆಗೆ ಅಂಗಳದ ಮೇಲೆ ಬಿಗಿದು ಕಟ್ಟಿಸಿದ.

ಬಲೆ ಚೆನ್ನಾಗಿ ಕೆಲಸ ಮಾಡಿತು. ಒಂಬತ್ತರ ಹೊತ್ತಿಗೆ ಅದರಲ್ಲಿ ಮೂರು ಮೀನಿನ ತಲೆ, ಒಂದು ಬೆನ್ನುಮೂಳೆ ಮತ್ತು ಯಾವುದೆಂದು ಹೇಳಲಾಗದ ಇನ್ನೊಂದು ವಸ್ತು, ಸರಿಯಾಗಿ ಹುಡುಗನ ಕುರ್ಚಿಯ ಮೇಲೆ ತೋರಣದಂತೆ ತೂಗುತ್ತಿದ್ದವು. ಅದನ್ನು ಮರೆಮಾಡಲು ಜಯಂತಿ ಬಲೆಯ ಕೆಳಗೆ ಎರಡು ಹೊಸ ಸೀರೆ ಕಟ್ಟಿದಳು. ಮೀನಿನ ತಲೆಗಳಿಗೆ ಕಾಗೆಗಳು ಬಂದವು.

ಹೊಟ್ಟೆ ತುಂಬಿದ ಹಕ್ಕಿ ಬೇಟೆಗೆ ಹೋಗುವುದಿಲ್ಲ ಎಂಬುದು ಜಟ್ಟಿಯ ಮುಂದಿನ ಸಿದ್ಧಾಂತ. ನೆಂಟರಿಗೆಂದು ತಂದಿದ್ದ ಎರಡು ಕಿಲೋ ಬಂಗಡೆಯನ್ನು ವೆಂಕಟ ಹೆಂಡತಿಯ ಕಣ್ಣು ತಪ್ಪಿಸಿ ಕೊಟ್ಟಿಗೆಯ ಮಾಡಿನ ಮೇಲೆ ಸಾಲಾಗಿ ಇಟ್ಟು ಬಂದ. ಉಳಿದ ಕಾಗೆಗಳೂ ಬಂದವು, ಗರುಡಗಳು ಬಂದವು, ನಾಲ್ಕು ಮನೆಗಳ ಬೆಕ್ಕುಗಳು ಬಂದವು. ಹದ್ದುಗಳು ಗೂಡಿನ ಅಂಚಿನಲ್ಲಿ ನಿಂತು ಈ ಸಂತೆಯನ್ನು ನೋಡಿ ಕಿರುಚತೊಡಗಿದವು. ಐದು ನಿಮಿಷದಲ್ಲಿ ಬಂಗಡೆ ಮುಗಿಯಿತು, ಕಿರುಚಾಟ ಮುಗಿಯಲಿಲ್ಲ. ವಿಷಯ ತಿಳಿದ ಜಯಂತಿ ಗಂಡನನ್ನು ಬೈಯಲಿಲ್ಲ. ಮೊಟ್ಟೆ ತರಲು ಅಂಗಡಿಗೆ ಓಡಿಸಿದಳು. ಮೀನುಗಾರರ ಮನೆಯಲ್ಲಿ ನೆಂಟರಿಗೆ ಮೊಟ್ಟೆ ಸಾರು ಬಡಿಸುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಅವನಿಗೆ ಅಳು ಬರುವ ಹಾಗಾಯಿತು.

ಅಂಗಡಿಯ ಮುಂದೆ ನಿಂತು ಅವನು ಕೊನೆಯ ಪ್ರಯತ್ನವೆಂದು ಸುಪ್ರಿಯಾ ಮೇಡಂಗೆ ಫೋನು ಮಾಡಿದ.

"ಮೇಡಂ, ಬರೀ ಎರಡು ತಾಸು ಈ ಹಕ್ಕಿನ ಬೇರೆ ಕಡೆ ಕಳಸೂಕೆ ಆಗ್ತದ್ಯಾ?"

ಮೇಡಂಗೆ ಗಾಬರಿಯಾಯಿತು. ಗೂಡಿನಲ್ಲಿ ಮರಿಗಳಿವೆ, ಯಾರಾದರೂ ಕಲ್ಲು ಹೊಡೆಯುತ್ತಿದ್ದಾರೆಯೇ ಎಂದು ಕೇಳಿದರು. ಅಂಗಡಿಯವರೆಗೂ ಬರುತ್ತಿದ್ದ ಹದ್ದುಗಳ ಕಿರುಚಾಟ ಫೋನಿನಲ್ಲಿ ಅವರ ಕಿವಿಗೂ ಬಿತ್ತು. ಏನೂ ಮಾಡಬೇಡಿ, ನಾನೇ ಬರುತ್ತೇನೆ ಎಂದು ಫೋನು ಇಟ್ಟರು. ಬರಬೇಡಿ ಎನ್ನಲು ವೆಂಕಟ ಮೂರು ಸಲ ಫೋನು ಮಾಡಿದ. ಗಾಡಿ ಓಡಿಸುವಾಗ ಅವರು ಫೋನು ಎತ್ತುವುದಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಹುಡುಗನ ಕಡೆಯವರು ಟೆಂಪೋದಿಂದ ಇಳಿದರು. ಕಮಲಿ ಅಂಗಳಕ್ಕೆ ಕಾಲಿಟ್ಟು, ಸೀರೆಯ ಚಪ್ಪರವನ್ನು ಒಮ್ಮೆ ನೋಡಿ, ಕುರ್ಚಿಯಲ್ಲಿ ಕೂತು ಛತ್ರಿ ಬಿಚ್ಚಿದಳು. ನೆರಳಿನಲ್ಲಿ ಛತ್ರಿ ಏಕೆಂದು ವೆಂಕಟನಿಗೆ ತಿಳಿಯಲಿಲ್ಲ, ಹೊನ್ನಾವರದ ಕಡೆಯ ಪದ್ಧತಿಯಿರಬಹುದು ಎಂದುಕೊಂಡ. ಮೇಲಿನ ಕಿರುಚಾಟ ಯಾವುದರದ್ದೆಂದು ಅವರು ಕೇಳಿದರೆ ಪಕ್ಕದ ಮನೆಯ ಪಂಪ್‌ಸೆಟ್ ಎನ್ನಬೇಕೆಂದು ಜಟ್ಟಿ ಹೇಳಿಕೊಟ್ಟಿದ್ದ. ಯಾರೂ ಕೇಳಲಿಲ್ಲ.

ಸುಚಿತಾ ಚಾ ತಂದಳು. ವಿಶಾಲ ಲೋಟ ತೆಗೆದುಕೊಂಡವನೇ ಅದರ ಬಾಯಿಯ ಮೇಲೆ ಅಂಗೈ ಮುಚ್ಚಿ ಹಿಡಿದ. ಕುಡಿಯುವಾಗ ಮಾತ್ರ ಕೈ ತೆಗೆಯುತ್ತಿದ್ದ, ಕುಡಿದು ಮತ್ತೆ ಮುಚ್ಚುತ್ತಿದ್ದ. ಎಷ್ಟು ಶುಚಿಯ ಹುಡುಗ ಎಂದು ಜಯಂತಿ ಬಾಗಿಲ ಸಂದಿನಿಂದ ಮೆಚ್ಚಿದಳು. ಸುಚಿತಾಳಿಗೂ ಅದು ಹಿಡಿಸಿತು. ಒಳಗೆ ಬಂದು, ಹುಡುಗ ಅಡ್ಡಿಲ್ಲ ಎಂದಳು.

ಅಷ್ಟರಲ್ಲಿ ಮೇಲೆ ಸೀರೆ ಅಲುಗಿತು. ಮಾರುದ್ದದ ಕಡಲ ಹಾವೊಂದು, ಅದೂ ಪೂರ್ತಿ ಹಾವು, ಬಲೆಯ ಕಣ್ಣಿನಿಂದ ನುಸುಳಿ ಸೀರೆಯ ಮೇಲೆ ಜಾರುತ್ತ ಬಂದು ಕಮಲಿಯ ಛತ್ರಿಯ ಮೇಲೆ ಬಿದ್ದು ಅಲ್ಲಿಂದ ಅವಳ ಕಾಲ ಬಳಿ ಬಿತ್ತು. ವೆಂಕಟ ಕಣ್ಣು ಮುಚ್ಚಿಕೊಂಡ. ಜಟ್ಟಿ ಬೇಲಿಯಿಂದ ಕೆಳಗಿಳಿದ. ಕಮಲಿ ಛತ್ರಿ ಮಡಚಿ, ಅದರ ತುದಿಯಿಂದ ಹಾವನ್ನು ಎತ್ತಿ ತೋಟದ ಕಡೆ ಎಸೆದು, ಮತ್ತೆ ಛತ್ರಿ ಬಿಚ್ಚಿ ಕೂತಳು.

"ದಿನಾ ಬಲೆಗೆ ಬೀಳುದೇ ಅಲ್ದಾ," ಎಂದಳು. "ಹೆಣ್ಣು ನಮಗೆ ಒಪ್ಪಿಗೆ. ವೀಳ್ಯ ತನ್ನಿ."

ವೆಂಕಟನಿಗೆ ನಂಬಿಕೆಯಾಗಲಿಲ್ಲ. ಮನಸ್ಸು ಬದಲಾಗುವ ಮೊದಲೇ ಮುಗಿಸಿಬಿಡಬೇಕೆಂದು ಓಡಿಹೋಗಿ ತಟ್ಟೆ ತಂದ. ವೀಳ್ಯ ಅದಲುಬದಲಾಯಿತು, ಮಾತು ಗಟ್ಟಿಯಾಯಿತು. ಮಗಳು ಹದ್ದಿನ ಕೆಳಗಿನಿಂದ ಪಾರಾದಳಲ್ಲ ಎಂದು ಅವನಿಗೆ ಎದೆ ತುಂಬಿ ಬಂತು. ಎರಡು ವರ್ಷದಲ್ಲಿ ಮೊದಲ ಸಲ ಅವನು ಆ ಮರದ ಕೆಳಗೆ ನಿರಾಳವಾಗಿ ಉಸಿರಾಡಿದ.

ಸುಪ್ರಿಯಾ ಮೇಡಂ ಬಂದದ್ದು ಆಗ. ದುರ್ಬೀನು ಕೊರಳಿಗೆ ಹಾಕಿಕೊಂಡು ಓಡುತ್ತ ಬಂದವರು ಗೂಡು ನೋಡಿದರು, ಎರಡೂ ಮರಿ ಕ್ಷೇಮವೆಂದು ಖಾತ್ರಿ ಮಾಡಿಕೊಂಡು ಎದೆ ಹಿಡಿದು ಕೂತರು. ಇವರು ಯಾರೆಂದು ನೆಂಟರಿಗೆ ಏನು ಹೇಳುವುದು ಎಂದು ವೆಂಕಟ ಯೋಚಿಸುತ್ತಿರುವಾಗಲೇ ಮೇಡಂ ಕಮಲಿಯ ಕಡೆ ತಿರುಗಿದರು.

"ಇದೇನು ಕಮಲಕ್ಕ, ಒಂಬತ್ತನೇ ನಂಬರಿನವರು ಹದಿನಾಲ್ಕಕ್ಕೆ ಬಂದುಬಿಟ್ಟಿದ್ದೀರಿ?"

ಕಮಲಿ ಛತ್ರಿ ಮಡಚಿದಳು. ವೀಳ್ಯ ಆದಮೇಲೆ ಮುಚ್ಚಿಡುವುದೇನಿದೆ ಎಂದು ಎಲ್ಲ ಹೇಳಿದಳು. ಅವರ ಬಾಗಿಲಲ್ಲೇ ಇರುವ ಗೋಳಿಮರದಲ್ಲೂ ಇದೇ ಹಕ್ಕಿ, ಇದಕ್ಕಿಂತ ದೊಡ್ಡ ಗೂಡು. ವಿಶಾಲನಿಗೆಂದು ಗೊತ್ತುಮಾಡಿದ್ದ ಎರಡು ಸಂಬಂಧಗಳು ಮನೆ ನೋಡಲು ಬಂದವರ ತಲೆಯ ಮೇಲೆ ಮೀನು, ಹಾವು ಬಿದ್ದದ್ದರಿಂದಲೇ ತಪ್ಪಿಹೋಗಿದ್ದವು.

"ಕಡೀಗೆ ಮೇಡಂ ಹತ್ರ ಗೂಡಿನ ಪಟ್ಟಿ ಇಸ್ಕಂಡೆ. ಒಟ್ಟು ಇಪ್ಪತ್ತೊಂದು ಮರ. ಎಲ್ಲಾ ಮನೆ ವಿಚಾರಿಸ್ದೆ. ಮದಿಗೆ ಬಂದ ಹೆಣ್ಣು ಇರುದು ನಿಮ್ಮ ಮರದ ಕೆಳಗೆ ಒಂದೇ," ಎಂದಳು. "ರೂಢಿ ಇದ್ದ ಹೆಣ್ಣು ಬೇಕಾಗಿತ್ತು ನಮಗೆ."

ಹಕ್ಕಿಗಳ ರಕ್ಷಣೆಗೆಂದು ಮಾಡಿದ ಪಟ್ಟಿ ಇಂಥ ಕೆಲಸಕ್ಕೂ ಬಂದದ್ದರಿಂದ ಸುಪ್ರಿಯಾ ಮೇಡಂಗೆ ಸಂತೋಷವಾಯಿತು. ಅವರೊಬ್ಬರಿಗೇ ಆಯಿತು.

ಸುಚಿತಾ ಬಾಗಿಲಿಗೆ ಬಂದು ನಿಂತಿದ್ದಳು. ಅವಳು ಅಪ್ಪನನ್ನು ನೋಡಿದಳು. ಮೂರು ಬಂದರು ತಿರುಗಿ ಬಾವಿಯ ನೀರಿನ ರುಚಿಯನ್ನೂ ವಿಚಾರಿಸಿದ್ದ ಅಪ್ಪ ಬಾಗಿಲ ಮುಂದಿನ ಮರದ ವಿಷಯ ಕೇಳಲು ಮರೆತಿದ್ದ. ಇನ್ನು ಅವನಿಂದ ಏನೂ ಆಗುವಂತಿಲ್ಲ ಎಂದು ತಿಳಿದು ಅವಳು ನೇರವಾಗಿ ಹುಡುಗನನ್ನೇ ಕೇಳಿದಳು.

"ನಿಮ್ಮಲ್ಲಿ ಮರಿ ಯಾವಾಗ ಹಾರ್ತಾವೆ?"

"ಮಾರ್ಚಿಗೆ," ಎಂದ ವಿಶಾಲ. "ಅಕ್ಟೋಬರಿಗೆ ಮತ್ತೆ ಗೂಡು ಕಟ್ಟೂಕೆ ಬತ್ತಾವೆ."

"ಹಾಂಗಾದ್ರೆ ಮದಿ ಏಪ್ರಿಲಲ್ಲಿ. ಅಕ್ಟೋಬರಿಂದ ಮಾರ್ಚ್ ತನಕ ನಾವಿಬ್ರೂ ಭಟ್ಕಳದಲ್ಲಿ ಬಾಡಿಗೆ ಮನೆಲಿ ಇರುದು. ಸುತ್ತ ಒಂದು ಗಿಡನೂ ಇರೂಕಾಗ."

ವಿಶಾಲ ತಾಯಿಯ ಮುಖ ನೋಡದೆ, ಅಡ್ಡಿಲ್ಲ ಎಂದ. ಅವನೂ ಹುಟ್ಟಿದಂದಿನಿಂದ ಅದನ್ನೇ ಬಯಸಿದ್ದನೇನೋ, ಅಷ್ಟು ಬೇಗ ಹೇಳಿದ.

ಕಮಲಿಯ ಮುಖ ಬಾಡಿತು. ತಾನು ಬೆಳಗಾದರೆ ಮೀನು ಮಾರಲು ಹೋಗುವವಳು, ಆರು ತಿಂಗಳು ತಮ್ಮ ಮರದ ಕೆಳಗೆ ಗುಡಿಸಿ, ಬಲೆ ಕಟ್ಟಿ, ಮರಿ ಕೆಳಗೆ ಬಿದ್ದರೆ ಮೇಡಂಗೆ ಫೋನು ಮಾಡುವವರು ಯಾರು ಎಂದು ಕೇಳಿದಳು. ಅದಕ್ಕೆ ಹಕ್ಕಿಯ ಸ್ವಭಾವ ಗೊತ್ತಿದ್ದವರೇ ಆಗಬೇಕು ಎಂದರು ಮೇಡಂ. ಜಟ್ಟಿ ಬೇಲಿಯ ಆಚೆಯಿಂದ ಒಂದು ಹೆಸರು ಸೂಚಿಸಿದ. ಎಲ್ಲರೂ ವೆಂಕಟನ ಕಡೆ ನೋಡಿದರು. ಮೇಡಂ ತಮ್ಮ ಪುಸ್ತಕ ತೆಗೆದು ಒಂಬತ್ತನೇ ನಂಬರಿನ ಮುಂದೆಯೂ ಅವನ ಹೆಸರು ಬರೆದುಕೊಂಡರು.

ಮೊಟ್ಟೆ ಸಾರು ಉಂಡು ಟೆಂಪೋ ಹತ್ತುವಾಗ ಕಮಲಿ ತಲೆ ಹೊರಗೆ ಹಾಕಿದಳು.

"ಅಕ್ಟೋಬರ್ ತನಕ ಕಾಯುದು ಬೇಡ, ಮಂಗಳವಾರನೇ ಬನ್ನಿ ಸಂಬಂಧಿಕರೇ. ಆ ಬಲೆ ತಕಂಡೇ ಬನ್ನಿ, ನಾಲ್ಕು ಮಾರು ಹೆಚ್ಚೇ ಇರ್ಲಿ. ನಮ್ಮದು ಅಂಗಳ ದೊಡ್ಡದು."