ನನ್ನ ದಮ್ಮು ಮತ್ತು ನಾಲ್ಕು ಮಕ್ಕಳು

ದಮ್ಮಿನ ರೋಗಿಗೆ ಗಾಬರಿ ಆಗಬಾರದು ಎಂದು ನಮ್ಮ ವೈದ್ಯರು ಪ್ರತಿ ಸಲ ಹೇಳುತ್ತಿದ್ದರು. ಪಾಪ, ಅವರಿಗೆ ಮಕ್ಕಳಿರಲಿಲ್ಲ. ನನಗೆ ನಾಲ್ಕಿದ್ದವು: ಒಂಬತ್ತರ ಹಿರಿ ಮಗಳು, ಏಳರ ಮಗ, ಐದರ ಇನ್ನೊಬ್ಬ ಮಗ, ಇನ್ನೂ ಸೊಂಟ ಬಿಟ್ಟು ಇಳಿಯದ ಸಣ್ಣಾಕಿ. ಹೀಗಿದ್ದ ಮೇಲೆ ಗಾಬರಿಯಾಗದ ದಿನ ಎಲ್ಲಿಂದ ಬರಬೇಕು? ಒಂದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಹೊಸ್ತಿಲಲ್ಲಿ ನಿಂತಿರುತ್ತಿತ್ತು.

ಇದೆಲ್ಲ ನಾವು ಪುಣೆಯ ಪೇಠೆಯೊಂದರ ಹಳೆಯ ವಾಡೆಯಲ್ಲಿ, ಮೇಲಿನ ಎರಡು ಖೋಲಿಗಳಲ್ಲಿ ಇದ್ದಾಗಿನ ಮಾತು. ಲಷ್ಕರದಲ್ಲಿ ಇನ್ನೂ ಗೋರಾ ಸೋಲ್ಜರರು ಕವಾಯತು ಮಾಡುತ್ತಿದ್ದ ಕಾಲ. ನಮ್ಮವರು ಅಲ್ಲಿಯ ಕಚೇರಿಯಲ್ಲಿ ಕಾರಕೂನರು. ಕೆಳಗೆ ವಾಡೆಯ ಮಾಲಕರು, ಅವರ ಹೆಂಡತಿ. ನಾವು ವಿಜಾಪುರದ ಕಡೆಯವರು. ಮನೆಯಲ್ಲಿ ಕನ್ನಡ, ಮೆಟ್ಟಿಲು ಇಳಿದರೆ ಮರಾಠಿ. ದಮ್ಮು ಮಾತ್ರ ಎರಡೂ ಕಡೆ ಒಂದೇ.

ಚಿಲುಮೆ

ಒಂದು ಚಳಿಗಾಲ ದಮ್ಮು ವಿಪರೀತ ಏರಿತು. ಲೇಹ, ಕಷಾಯ, ಪುಡಿ ಎಲ್ಲ ಸೋತವು. ಕೊನೆಗೆ ವೈದ್ಯರು ಒಣಗಿದ ದತ್ತೂರಿ ಎಲೆಯ ಪೊಟ್ಟಣ ಕೊಟ್ಟು, "ಇದರ ಹೊಗಿ ಒಳಗ ಹೋಗಬೇಕು" ಎಂದರು. ಹೇಗೆ ಎಂದು ಕೇಳಿದರೆ, ಚಿಲುಮೆಯಲ್ಲಿ ತುಂಬಿ ಸೇದಬೇಕಂತೆ!

ನಾನು ಎದೆ ಹಿಡಿದುಕೊಂಡೆ. ನಮ್ಮ ಮನೆತನದಲ್ಲಿ ಗಂಡಸರೇ ನಶ್ಯ ಮುಟ್ಟಿದವರಲ್ಲ. ಆದರೆ ಉಸಿರಿಗೆ ಮನೆತನ ಗೊತ್ತಿರುವುದಿಲ್ಲ. ಮರುದಿನ ನಮ್ಮವರು ಟಾಂಗಾದವರು ಸೇದುವಂಥ ಮಣ್ಣಿನ ಚಿಲುಮೆಯೊಂದನ್ನು ಧೋತರದ ಮರೆಯಲ್ಲಿ ತಂದರು. ಬಾಗಿಲು, ಕಿಟಕಿ ಮುಚ್ಚಿ, ಸೆರಗು ಮುಖಕ್ಕೆಳೆದುಕೊಂಡು ಸೇದಿದೆ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು, ಆದರೆ ಸ್ವಲ್ಪ ಹೊತ್ತಿಗೆ ಎದೆ ಹಗುರಾಯಿತು. ಮಕ್ಕಳಿಗೆ, "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ" ಎಂದು ಆಣೆ ಮಾಡಿಸಿದೆ.

ನಾಲ್ಕನೆಯ ದಿನ ಸಂಜೆ ಎರಡನೆಯವನ ಶಾಲೆಯ ಮಾಸ್ತರರು ಮನೆಗೇ ಬಂದರು. ತಂಬಾಕು, ಬೀಡಿ, ಚಿಲುಮೆಯ ಚಟದ ಮೇಲೆ ಅವರು ಅಂದು ವರ್ಗದಲ್ಲಿ ಪಾಠ ಹೇಳಿದ್ದರಂತೆ. "ಯಾರ ಮನೆಯಲ್ಲಿ ಸೇದುವವರಿದ್ದಾರೆ?" ಎಂದು ಕೇಳಿದಾಗ ನಮ್ಮವನು ಎಲ್ಲರಿಗಿಂತ ಮೊದಲು ಎದ್ದು ನಿಂತು, ನಮ್ಮಪ್ಪ ಅಡಿಕೆ ಚೂರು ಸೈತ ಬಾಯಿಗೆ ಹಾಕುವುದಿಲ್ಲ, ಸೇದುವವಳು ನಮ್ಮ ಅವ್ವ ಎಂದಿದ್ದಾನೆ.

ಮಾಸ್ತರರು ಇದನ್ನು ಸಂಕೋಚದಿಂದಲೇ ಹೇಳಿ, "ಹುಡುಗನ ಕಲ್ಪನೆ ಇರಬೇಕು, ನಿಮ್ಮ ಕಿವಿಗೆ ಹಾಕೋಣ ಅಂತ ಬಂದೆ" ಎಂದರು. ಬಾಗಿಲ ಹಿಂದೆ ನಿಂತ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಮ್ಮವರು ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ಔಷಧದ ಮಾತು ಮೊದಲು ಹೇಳಬೇಕು ಎಂಬ ಬುದ್ಧಿಯೂ ಅವರಿಗೆ ಹೊಳೆಯಲಿಲ್ಲ.

"ಛೇ ಛೇ, ಕಲ್ಪನೆ ಅಲ್ಲ, ಖರೇ ಅದ" ಎಂದರು. "ದಿನಾ ಎರಡು ಹೊತ್ತು ಸೇದತಾಳ. ನಾನ ತುಂಬಿ, ಹಚ್ಚಿ ಕೊಡತೀನಿ."

ಗಂಗೆಯ ಗಿಂಡಿ

ದಮ್ಮು ಬಂದು ಹೋದ ಮೇಲೆ ಹೆಣದಂಥ ನಿದ್ದೆ ಬರುತ್ತದೆ. ಅಂಥ ಒಂದು ಮಧ್ಯಾಹ್ನ ಲೋಡಿಗೆ ಒರಗಿ ಕೂತಲ್ಲಿಯೇ ಮಲಗಿದ್ದೆ. ಇದ್ದಕ್ಕಿದ್ದಂತೆ ಬಾಯಿಯೊಳಗೆ ನೀರು! ಗಂಟಲಿಗೆ ಸಿಕ್ಕಿ, ಕೆಮ್ಮಿ, ಕಣ್ಣು ಬಿಟ್ಟರೆ ಎದುರಿಗೆ ನಾಲ್ಕೂ ಮಕ್ಕಳು ಸಾಲಾಗಿ ಕೂತಿವೆ. ನನ್ನ ತುಟಿಯ ಮೇಲೆ ತುಳಸಿ ಎಲೆ. ಹಿರಿಯವಳ ಕೈಯಲ್ಲಿ ಗಂಗಾಜಲದ ಗಿಂಡಿ.

ಅದು ನಮ್ಮ ಅತ್ತೆ ಕಾಶಿಯಿಂದ ತಂದದ್ದು. ಬಾಯಿ ಬೆಸೆದ ತಾಮ್ರದ ಗಿಂಡಿ. ಮನೆಯಲ್ಲಿ ಯಾರಾದರೂ ಕೊನೆಯುಸಿರು ಎಳೆಯುವಾಗಷ್ಟೇ ಒಡೆಯಬೇಕೆಂದು ದೇವರ ಮುಂದೆ ಇಟ್ಟಿದ್ದೆವು. ಅದನ್ನು ಇವು ಅಡಕೊತ್ತಿನಿಂದ ಒಡೆದಿದ್ದವು.

"ಏನ ಮಾಡಾಕ ಹತ್ತೀರಿ?" ಎಂದು ಚೀರಿದೆ.

"ನೀ ಸತ್ತಿ ಅಂತ ತಿಳದ್ವಿ" ಎಂದ ಐದರವನು, ಸ್ವಲ್ಪ ಬೇಸರದಿಂದಲೇ.

ಆಮೇಲೆ ತಿಳಿಯಿತು, ನಾನು ಮಲಗಿದ್ದ ಅರ್ಧ ತಾಸಿನಲ್ಲಿ ನನ್ನ ಆಸ್ತಿಯ ವಾಟಣಿಯೂ ಆಗಿತ್ತು. ಬಳೆ ಹಿರಿಯವಳಿಗೆ, ಲೋಡು ಎರಡನೆಯವನಿಗೆ, ಔಷಧದ ಜೇನಿನ ಭರಣಿ ಮೂರನೆಯವನಿಗೆ. ಸಣ್ಣಾಕಿಗೆ ಏನು ಎಂದು ಕೇಳಿದರೆ, "ಆಕಿಗೆ ಅಪ್ಪ" ಎಂದರು.

ಕೈಗೆ ಸಿಕ್ಕವರಿಗೆ ಎರಡೆರಡು ಬಾರಿಸಿದೆ. ಬಾರಿಸಿ, ಎಲ್ಲವನ್ನೂ ತಬ್ಬಿಕೊಂಡು ಅತ್ತೆ. ನಾನಿಲ್ಲದಿದ್ದರೆ ಇವುಗಳ ಗತಿ ಏನು ಎಂಬ ಹೆದರಿಕೆ ಅಂದು ಎದೆಯೊಳಗೆ ಕೂತದ್ದು ಬಹಳ ದಿನ ಏಳಲಿಲ್ಲ.

ಸಂಜೆ ಇವರು ಕಚೇರಿಯಿಂದ ಬಂದಾಗ ಖಾಲಿ ಗಿಂಡಿ ತೋರಿಸಿ, "ನೋಡ್ರಿ, ಇದ್ದ ಗಂಗಾಜಲನೂ ಮುಗೀತು. ಇನ್ನ ಸಾಯಬೇಕಂದ್ರ ನಾ ಕಾಶಿಗೇ ಹೋಗಬೇಕು" ಎಂದೆ.

ಇವರು ಟೊಪ್ಪಿಗೆ ಗೂಟಕ್ಕೆ ಹಾಕುತ್ತ ಹೇಳಿದರು: "ಈ ವರ್ಷ ಬ್ಯಾಡ. ರಜಾ ಉಳದಿಲ್ಲ."

ಅವ್ವ ಗಟ್ಟಿ ಇದ್ದಾಳೆ

ಈ ಸುದ್ದಿ ಹೇಗೋ ವಿಜಾಪುರ ಮುಟ್ಟಿತು. ಅಲ್ಲಿ ನಮ್ಮವರ ಅಕ್ಕ ಇದ್ದರು. ದೊಡ್ಡ ಮನೆ, ಹೈನು, ಆಳುಕಾಳು, ಎಲ್ಲ ಇತ್ತು. ಮಕ್ಕಳಿರಲಿಲ್ಲ. ಅವರಿಂದ ಕಾಗದ ಬಂತು. "ನಿನ್ನ ಹೆಂಡತಿಗೆ ನಾಲ್ಕು ಮಕ್ಕಳನ್ನು ಸಂಭಾಳಿಸುವ ಶಕ್ತಿ ಇಲ್ಲ. ಹಿರಿಯವಳನ್ನೂ ಮೂರನೆಯವನನ್ನೂ ನಾನು ಒಯ್ಯುತ್ತೇನೆ. ಉಳಿದೆರಡನ್ನು ಅವಳ ತವರಿಗೆ ಕಳಿಸು. ಆರಾಮಾದ ಮೇಲೆ ತಿರುಗಿ ಕರೆಸಿಕೊಂಡರಾಯಿತು."

ಕಾಗದವನ್ನು ಎರಡೆರಡು ಸಲ ಓದಿದೆ. ದಮ್ಮು ಎಂದಾದರೂ ಆರಾಮಾಗುವ ರೋಗವೇ? ಹೋದ ಮಕ್ಕಳು ಹೋದಂತೆಯೇ. ಅಕ್ಕನವರು ಕೆಟ್ಟವರಲ್ಲ, ಅದೇ ಹೆಚ್ಚು ಭಯ. ಬೆಣ್ಣೆ ಹಾಕಿ, ಮುದ್ದು ಮಾಡಿ ಬೆಳೆಸಿದರೆ ಎರಡು ವರ್ಷದಲ್ಲಿ ಮಕ್ಕಳಿಗೆ ನನ್ನ ನೆನಪೂ ಉಳಿಯುವುದಿಲ್ಲ. ಇವರನ್ನು ಕೇಳಿದರೆ, "ಅಕ್ಕನ ಮಾತಿಗೆ ನಾ ಹ್ಯಾಂಗ ಇಲ್ಲ ಅನ್ನಲಿ?" ಎಂದು ನೆಲ ನೋಡಿದರು. ನಾನೇ ಜಗಳಾಡೋಣವೆಂದರೆ ಜಗಳಕ್ಕೂ ದಮ್ಮು ಬೇಕಲ್ಲ! ನಾಲ್ಕನೆಯ ಶಬ್ದಕ್ಕೇ ಎದೆ ಕಟ್ಟುತ್ತದೆ.

ಹಿರಿಯವಳಿಗೆ ಎಲ್ಲ ತಿಳಿಯಿತು. ತಮ್ಮಂದಿರನ್ನು ಕೂಡಿಸಿಕೊಂಡು, "ಅತ್ಯಾ ಬಂದ ಕೂಡಲೇ ಅವ್ವ ಗಟ್ಟಿ ಇದ್ದಾಳ ಅಂತ ಹೇಳ್ರಿ. ಕೆಮ್ಮಿನ ಸುದ್ದಿ ತಗೀಬ್ಯಾಡ್ರಿ" ಎಂದು ಎಂಟು ದಿನ ಪಾಠ ಹೇಳಿದಳು.

ಅಕ್ಕನವರು ಬಂದರು. ಕಾಲಿಗೆ ನೀರು ಕೊಟ್ಟೆ. ವಾಡೆಯ ಮಾಲಕೀಣಬಾಯಿಯೂ ಮಾತಾಡಿಸಲು ಮೇಲೆ ಬಂದಿದ್ದಳು. ಅಕ್ಕನವರು ಎರಡನೆಯವನನ್ನು ಹತ್ತಿರ ಕರೆದು, "ಖರೇ ಹೇಳಪಾ, ನಿಮ್ಮ ಅವ್ವ ಹ್ಯಾಂಗಿದ್ದಾಳ?" ಎಂದು ಕೇಳಿದರು.

"ಭಾಳ ಗಟ್ಟಿ ಇದ್ದಾಳ್ರಿ ಅತ್ಯಾ."

"ಖರೇನ?"

ಅತ್ಯಾ ನಂಬಲಿಲ್ಲ ಎಂದು ಅವನಿಗೆ ಅನಿಸಿರಬೇಕು. ಪುರಾವೆಗೆಂದು ಕನ್ನಡದಲ್ಲಿ ಒಮ್ಮೆ, ಮಾಲಕೀಣಬಾಯಿಗೂ ತಿಳಿಯಲೆಂದು ಮರಾಠಿಯಲ್ಲಿ ಒಮ್ಮೆ ಹೇಳಿದ: "ನಿನ್ನೆ ಅಪ್ಪನ್ನ ಹೊಡದಳ್ರಿ! ಅಪ್ಪ ಬಿದ್ದೇ ಬಿಟ್ಟ!"

"ಅಗ ಬಾಯಿ!" ಎಂದಳು ಮಾಲಕೀಣಬಾಯಿ. ಅಕ್ಕನವರು ತಮ್ಮನ ಕಡೆ ತಿರುಗಿದರು. ಇವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಮಗಳ ಮುಖ ನೋಡಿದರು. ಜನ್ಮದಲ್ಲಿ ಮೊದಲ ಸಲ ಸುಳ್ಳು ಹೇಳಿದರು, ಅದೂ ಇಂಥಲ್ಲಿ.

"ಹೌದಕ್ಕಾ" ಎಂದರು ಭುಜ ತಿಕ್ಕಿಕೊಳ್ಳುತ್ತ, "ಇನ್ನೂ ಬ್ಯಾನಿ ಅದ."

ಸೀನು

ಇಷ್ಟಾದರೂ ಅಕ್ಕನವರ ನಿರ್ಧಾರ ಬದಲಾಗಲಿಲ್ಲ. ರೋಗದ ಜೊತೆ ಸಿಟ್ಟೂ ಇದೆ ಎಂದರೆ ಮಕ್ಕಳನ್ನು ಒಯ್ಯಲು ಒಂದಕ್ಕೆರಡು ಕಾರಣ ಸಿಕ್ಕಂತಾಯಿತು.

ಅಕ್ಕನವರು ಎಲ್ಲದಕ್ಕೂ ಶಕುನ ನೋಡುವವರು. ಇದ್ದ ಎಂಟು ದಿನದಲ್ಲಿ ಮಕ್ಕಳಿಗೆ ಅದೇ ಶಾಸ್ತ್ರ ಕಲಿಸಿದರು. "ಹೊರಗ ಹೊಂಟಾಗ ಒಂಟಿ ಸೀನು ಕೇಳಿದ್ರ ಹೋಗಬಾರದು. ತಿರುಗಿ ಬಂದು, ಕೂತು, ನೀರು ಕುಡದು ಏಳಬೇಕು. ಜೋಡಿ ಸೀನಾದ್ರ ಛಲೋ, ಹೋಗಬಹುದು." ಹಿರಿಯವಳು ಕಣ್ಣರಳಿಸಿ ಕೇಳುತ್ತಿದ್ದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹೊರಡುವ ದಿನ ಬೆಳಿಗ್ಗೆ ಟಾಂಗಾ ವಾಡೆಯ ಬಾಗಿಲಿಗೆ ಬಂತು. ಗಂಟು, ಟ್ರಂಕು ಕೆಳಗೆ ಇಳಿದವು. ಹಿರಿಯವಳಿಗೆ ಜಡೆ ಹಾಕಿದೆ. ಐದರವನ ಅಂಗಿಯ ಗುಂಡಿ ಹಾಕಿದವಳು ಬಿಚ್ಚಿ ಮತ್ತೆ ಹಾಕಿದೆ, ಇನ್ನಷ್ಟು ಹೊತ್ತು ಮುಟ್ಟಿಕೊಂಡಿರಬಹುದು ಎಂದು. ಎಲ್ಲರೂ ಕೆಳಗೆ ಬಂದೆವು. ಇಬ್ಬರ ಕೈಗೂ ಮೊಸರು ಹಾಕಿದೆ. ಅಕ್ಕನವರು ದೇವರನ್ನು ನೆನೆದು ವಾಡೆಯ ಹೊಸ್ತಿಲ ಹೊರಗೆ ಬಲಗಾಲಿಟ್ಟರು.

"ಆಕ್ಷೀ!" ಎರಡನೆಯವನ ಸೀನು.

ಅಕ್ಕನವರು ಕಾಲು ಹಿಂದೆ ತೆಗೆದರು. ಟ್ರಂಕಿನ ಮೇಲೆ ಕೂತು ನೀರು ಕುಡಿದು ಎದ್ದರು. ಬಲಗಾಲಿಟ್ಟರು.

"ಆಕ್ಷೀ! ಆಕ್ಷೀ!"

"ಜೋಡಿ!" ಎಂದು ಅಕ್ಕನವರು ಹಿಗ್ಗಿದರು. ಅಷ್ಟರಲ್ಲಿ ಐದರವನು ಒಂದು ಸೇರಿಸಿ, ಜೋಡಿ ಕೆಡಿಸಿ ಒಂಟಿ ಮಾಡಿದ. ಮೂರು. ಬೇರೆ ಬೇರೆಯವರ ಸೀನನ್ನು ಕೂಡಿಸಬಹುದೋ ಬಾರದೋ ಎಂದು ಚರ್ಚೆ ಎದ್ದಿತು. ಮನೆ ಒಂದೇ ಆದ್ದರಿಂದ ಕೂಡಿಸಬೇಕು ಎಂದಳು ಮಾಲಕೀಣಬಾಯಿ. ಟಾಂಗಾದವನೂ ಹೌದೆಂದ. ಮತ್ತೆ ಕೂತರು, ಮತ್ತೆ ನೀರು.

ಮೂರನೆಯ ಸಲ ಅವರು ಬಲಗಾಲು ಎತ್ತುವಾಗ ನನಗೂ ಒಂದು ವಾಸನೆ ಬಡಿಯಿತು. ತಪಕೀರು! ಮಾಲಕರ ನಶ್ಯದ ಡಬ್ಬಿ ಎರಡನೆಯವನ ಅಂಗಿಯೊಳಗಿತ್ತು, ಪುಡಿ ಗಾಳಿಯಲ್ಲೆಲ್ಲ ಹಾರುತ್ತಿತ್ತು. ನನ್ನ ಮೂಗು ಒಮ್ಮೆ ಶುರುವಾದರೆ ನಿಲ್ಲುವ ಮೂಗಲ್ಲ. ಒಂದು, ಎರಡು, ಮೂರು. ಹಿರಿಯವಳು ಗಟ್ಟಿಯಾಗಿ ಎಣಿಸಲಿಕ್ಕೆ ಹತ್ತಿದಳು. ಅಕ್ಕನವರೂ ಎಣಿಸಿದರು, ಟಾಂಗಾದವನೂ ಎಣಿಸಿದ. ಒಂಬತ್ತಕ್ಕೆ ನಿಂತಿತು.

ಒಂಬತ್ತು ಒಂಟಿ. ಮಕ್ಕಳು ಉಳಿದರು! ಆದರೆ ಹತ್ತನೆಯದು ಮೂಗಿನ ತುದಿಗೆ ಬಂದು ಕೂತಿತ್ತು. ಸೆರಗು ಒತ್ತಿದೆ, ಉಸಿರು ಬಿಗಿಹಿಡಿದೆ, ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಕಣ್ಣಿಂದ ನೀರು ಸುರಿಯಿತು.

"ಆಕ್ಷೀ!"

"ಹತ್ತು! ಜೋಡಿ ಆತು! ನಡೀರಿ!" ಎಂದು ಅಕ್ಕನವರು ಎರಡೂ ಮಕ್ಕಳ ಕೈ ಹಿಡಿದು, ಬಲಗಾಲು ಎತ್ತಿ ಹೊಸ್ತಿಲು ದಾಟಿಸಿದರು. ನನ್ನ ಮಕ್ಕಳನ್ನು ನಾನೇ ಸೀನಿ ಕಳಿಸಿದಂತಾಯಿತಲ್ಲ!

ಆಗ ವಾಡೆಯೇ ನಡುಗುವಂತೆ ಒಂದು ಸೀನು ಬಂತು. ಒಂದೇ ಒಂದು. ಸೀನಿದವರು ಸ್ವತಃ ಅಕ್ಕನವರು.

ಅಕ್ಕನವರು ಮೆಲ್ಲಗೆ ತಿರುಗಿ ಬಂದು ಟ್ರಂಕಿನ ಮೇಲೆ ಕೂತರು. ಕೂತವರ ಕಣ್ಣಿಗೆ ಎರಡನೆಯವನ ಮೂಗಿನ ಕೆಳಗೆ ಕಂದು ಮೀಸೆಯಂತೆ ಅಂಟಿದ ಪುಡಿ ಬಿತ್ತು. ಅವನ ಅಂಗಿಯಿಂದ ಡಬ್ಬಿ ಹೊರಗೆ ತೆಗೆದರು.

"ಇದು ಯಾರ ಬುದ್ಧಿ?"

"ನಂದು" ಎಂದಳು ಹಿರಿಯವಳು. "ನಾ ಬರಂಗಿಲ್ಲ ಅತ್ಯಾ. ಅವ್ವಗ ದಮ್ಮು ಬಂದಾಗ ಬೆನ್ನು ತಿಕ್ಕಾಕಿ ನಾನು. ಉಳದವರಿಗೆ ಎಲ್ಲಿ ತಿಕ್ಕಬೇಕು ಅಂತನೂ ಗೊತ್ತಿಲ್ಲ." ಹೇಳಿ ಮುಗಿಸುವಷ್ಟರಲ್ಲಿ ಅವಳ ತುಟಿ ಸೊಟ್ಟಗಾಯಿತು.

ಅಕ್ಕನವರು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ತಪಕೀರ ಏರಿಸಿ ತಂದ ಸೀನು ಶಕುನಕ್ಕ ಬರೂದಿಲ್ಲ" ಎಂದರು. ನಾನು ಮಗಳ ಕೈ ಹಿಡಿದುಕೊಂಡೆ. "ನಿಮ್ಮೆಲ್ಲಾರದೂ ಸುಳ್ಳು ಸೀನು. ಆದ್ರ ನಂದು ಖರೇ ಸೀನು. ಖರೇ ಸೀನು ಒಂಟಿ ಬಂದ ಮ್ಯಾಲ ಹುಡುಗರನ್ನ ಒಯ್ಯಾಕ ನನಗ ಧೈರ್ಯ ಇಲ್ಲವಾ."

ಒರೆಸಿದ ಮೇಲೂ ಅವರ ಮೂಗಿನ ತುದಿಯಲ್ಲಿ ಕಂದು ಪುಡಿ ಉಳಿದಿತ್ತು. ಅದನ್ನು ತೋರಿಸುವಷ್ಟು ಹುಚ್ಚಿ ನಾನಲ್ಲ. ಕಾಲಿಗೆ ಬಿದ್ದೆ.

ಮೂರು ದಿನ ಬಿಟ್ಟು, ನಮಗೆ ಹೇಳಬೇಕಾದ ಬುದ್ಧಿಯನ್ನೆಲ್ಲ ಹೇಳಿ ಮುಗಿಸಿ, ಅಕ್ಕನವರು ಒಬ್ಬರೇ ಹೊರಟರು. ಟಾಂಗಾ ಬಂತು. ಹೊಸ್ತಿಲಲ್ಲಿ ನಿಂತು ಒಮ್ಮೆ ಎಲ್ಲರನ್ನೂ ಕಣ್ತುಂಬ ನೋಡಿ ಹೋಗೋಣವೆಂದು ತಿರುಗಿದವರು ಅಲ್ಲಿಯೇ ಬೆರಗಾಗಿ ನಿಂತುಬಿಟ್ಟರು. ಹಿರಿಯವಳು, ಎರಡನೆಯವನು, ಐದರವನು, ಅವರ ಹಿಂದೆ ಅಪ್ಪ, ಎಲ್ಲರೂ ಸಾಲಾಗಿ ನಿಂತು ತಮ್ಮ ತಮ್ಮ ಮೂಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ನನ್ನ ಸೊಂಟದ ಮೇಲಿದ್ದ ಸಣ್ಣಾಕಿ ಮಾತ್ರ ತನ್ನ ಮೂಗನ್ನು ಹಾಗೇ ಬಿಟ್ಟು, ಎರಡೂ ಕೈಯಿಂದ ನನ್ನದನ್ನು ಹಿಡಿದಿದ್ದಳು.