ಮರ ಹತ್ತುವ ಕುರ್ಚಿ

ಅನುಮಾನದವರ ಸುತ್ತಲೇ ಅನುಮಾನ ಬರುವಂಥ ಸಂಗತಿಗಳು ನಡೆಯುತ್ತಿರುತ್ತವೆ ಎಂದು ನಮ್ಮ ಯಜಮಾನರು ಆಗಾಗ ಹೇಳುತ್ತಾರೆ. ನಾನೇನು ಮಾಡಲಿ, ನನ್ನ ಹೊಟ್ಟೆಪಾಡೇ ಅದು. ಜರ್ಮನಿಯ ಸಿಂಡೆಲ್‌ಫಿಂಗೆನ್ನಿನಲ್ಲಿ ಕಾರಿನ ಸೀಟುಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಸೀಟು ಗಟ್ಟಿಯಾಗಿದೆ ಎಂದು ಮಾಡಿದವರು ಹೇಳುತ್ತಾರೆ, ಇಲ್ಲವೇನೋ ಎಂದು ನಾನು ಹೇಳುತ್ತೇನೆ, ಅದಕ್ಕೆ ಕಂಪನಿ ಸಂಬಳ ಕೊಡುತ್ತದೆ. ಆಫೀಸಿನಲ್ಲಿ ಇದಕ್ಕೆ ಕ್ವಾಲಿಟಿ ಅನ್ನುತ್ತಾರೆ, ಮನೆಯಲ್ಲಿ ಚಟ ಅನ್ನುತ್ತಾರೆ. ಆದರೆ ಈಚೆಗೆ ಒಂದು ಕುರ್ಚಿ ಆರಿಸಲು ಹೋಗಿ, ನಾನು ಪಟ್ಟ ಅನುಮಾನಕ್ಕಿಂತ ನನ್ನ ಮೇಲೆ ಬಿದ್ದ ಅನುಮಾನವೇ ಹೆಚ್ಚಾಯಿತು.

ಹೊಸಬಳಿಗೇ ಯಾಕೆ

ನಮ್ಮೂರ ಹೊರಗಿನ ಕಾಡಿನಲ್ಲಿ ಬಿಲ್ಲುಗಾರರ ಒಂದು ಸಂಘವಿದೆ. ಈಗಿನ ಬಿಲ್ಲುಗಳಿಗಿರುವ ಗಾಲಿ, ಗುರಿ ನೋಡುವ ಗಾಜು ಏನೂ ಇಲ್ಲದ ಹಳೇ ಕಾಲದ ಮರದ ಬಿಲ್ಲು ಅವರದು. ಬಿಲ್ಲು ಹಿಡಿದು ಬೇಟೆಯಾಡುವುದು ಈ ದೇಶದಲ್ಲಿ ಕಾನೂನಿಗೆ ವಿರುದ್ಧ. ಹಾಗಾಗಿ ಕಾಡಿನಲ್ಲಿ ಅಲ್ಲಲ್ಲಿ ಫೋಮಿನ ಹಂದಿ, ಫೋಮಿನ ಜಿಂಕೆ ನಿಲ್ಲಿಸಿ, ಥೇಟ್ ಬೇಟೆಗಾರರ ಹಾಗೇ ಉಸಿರು ಬಿಗಿಹಿಡಿದು ಅವಕ್ಕೆ ಬಾಣ ಬಿಡುತ್ತಾರೆ. ಸುಮ್ಮನೆ ನೋಡಲು ಹೋದ ನಾನು ಅಲ್ಲೇ ಅಂಟಿಕೊಂಡೆ. ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ಕಂಪನಿಯ ಬ್ಯಾಡ್ಜ್ ಒಂದು ಬಿಟ್ಟರೆ ನಾನು ಯಾವುದಕ್ಕೂ ಸೇರಿದವಳಲ್ಲ ಅನ್ನುವ ಕೊರಗು ನನ್ನೊಳಗಿತ್ತು. ಈ ಸಂಘಕ್ಕಾದರೂ ಸೇರಲೇಬೇಕು ಎಂದು ಮನಸ್ಸು ಹಠ ಹಿಡಿಯಿತು. ಆದರೆ ಅದು ದುಡ್ಡು ಕಟ್ಟಿದರೆ ಆಗುವ ಕೆಲಸವಲ್ಲ. ಮೊದಲು ಒಂದು ವರ್ಷ ಉಮೇದುವಾರಿಕೆ, ಆಮೇಲೆ ಸದಸ್ಯರು ಕೈ ಎತ್ತಿದರೆ ಮಾತ್ರ ಒಳಗೆ.

ಮೇಲಿನಿಂದ ಬಾಣ ಬಿಡಲು ಸಂಘದವರು ಕಟ್ಟಿದ್ದ ಮರದ ಅಟ್ಟಣಿಗೆ ಆ ವರ್ಷ ಲಡ್ಡಾಗಿ ಕುಸಿಯಿತು. ಅದರ ಬದಲು ಮರ ಹತ್ತುವ ಕುರ್ಚಿ ತರೋಣ ಎಂದು ತೀರ್ಮಾನವಾಯಿತು. ಎರಡು ತುಂಡಿನ ಸಾಮಾನು ಅದು. ಮೇಲಿನದು ಕೂರಲು, ಕೆಳಗಿನದು ಕಾಲಿಡಲು, ಎರಡಕ್ಕೂ ಮರವನ್ನು ಬಳಸಿ ಬಿಗಿಯುವ ಉಕ್ಕಿನ ಹಗ್ಗ. ಮೇಲಿನದನ್ನು ಒಂಚೂರು ಎತ್ತಿ ಕೂತು, ಕೆಳಗಿನದನ್ನು ಕಾಲಿನಿಂದ ಎಳೆದುಕೊಂಡು, ಕಂಬಳಿಹುಳದ ಹಾಗೆ ಮರ ಏರಬೇಕು.

"ಆರಿಸುವ ಕೆಲಸ ನಿಮ್ಮದು," ಎಂದರು ಸಂಘದ ಅಧ್ಯಕ್ಷರು. ಉದ್ದ ಬಿಳಿ ಗಡ್ಡದ, ಅಳೆದು ಮಾತಾಡುವ ಹಿರಿಯರು ಅವರು. "ಆರಿಸಿದವರೇ ಮೊದಲು ಹತ್ತಬೇಕು. ಎಲ್ಲ ಸರಿಹೋದರೆ ಅಲ್ಲೇ ನಿಮ್ಮ ಸದಸ್ಯತ್ವದ ಮಾತು ಎತ್ತೋಣ."

ಒಳಗೊಳಗೇ ಹಿಗ್ಗಿದೆ. ಆದರೆ ನನ್ನ ಚಟ ಬಿಡಬೇಕಲ್ಲ. "ಇಷ್ಟು ಜನ ಹಳಬರಿರುವಾಗ ನನಗೇ ಯಾಕೆ?" ಎಂದು ಕೇಳಿದೆ.

ಅಧ್ಯಕ್ಷರು ಸುಳ್ಳು ಹೇಳದ ಮನುಷ್ಯ. "ನೀವು ಸೀಟುಗಳನ್ನು ಬಲ್ಲವರು, ಅದು ಒಂದು ಕಾರಣ," ಎಂದರು. "ಇನ್ನೊಂದು, ನೀವು ಬಿದ್ದರೆ ಬಿದ್ದದ್ದು ನಮ್ಮ ಸದಸ್ಯರಲ್ಲ."

ಹಂದಿಯ ಕಣ್ಣು

ಗದಗಿನಿಂದ ನಮ್ಮ ಅತ್ತೆ ಬಂದು ನಮ್ಮ ಜೊತೆ ಇದ್ದ ಸಮಯ ಅದು. ಅಂಗಡಿಯ ಕೇಕನ್ನೂ ಮೊಟ್ಟೆ ಇದ್ದೀತೆಂದು ಮೂಸಿ ನೋಡಿ ಪಕ್ಕಕ್ಕಿಡುವ ಮನೆತನ ನಮ್ಮದು. ಸೊಸೆ ಬಿಲ್ಲು ಹೆಗಲಿಗೇರಿಸಿ ಹೊರಟದ್ದು ಅವರಿಗೆ ಸರಿ ಕಾಣಲಿಲ್ಲ.

"ಎಲ್ಲಿಗೆ ಹೊಂಟಿ?" ಎಂದರು.

"ಹಂದಿಗೆ ಹೊಡಿಯಾಕ್ರಿ ಅತ್ತಿ," ಎಂದುಬಿಟ್ಟೆ.

ಸೋಸುತ್ತಿದ್ದ ಮೆಂತ್ಯೆ ಸೊಪ್ಪನ್ನು ಅತ್ತೆ ಕೆಳಗಿಟ್ಟರು. ನಾನು ಗಾಬರಿಯಾಗಿ, "ಖರೇ ಹಂದಿ ಅಲ್ರಿ. ಗಾದಿಯೊಳಗ ಫೋಮ್ ಇರತೈತಲ್ರಿ, ಅದರಾಗ ಮಾಡಿದ ಹಂದಿ. ಜೀವ ಇಲ್ರಿ ಅದಕ್ಕ," ಎಂದೆ.

"ರಗತ ಬರೂದಿಲ್ಲ?"

"ಇಲ್ರಿ."

"ಒದರೂದಿಲ್ಲ?"

"ಇಲ್ರಿ ಅತ್ತಿ."

ಅವರಿಗೆ ಸಮಾಧಾನವಾದಂತೆ ಕಂಡಿತು. ಸೊಪ್ಪು ಮತ್ತೆ ಕೈಗೆ ಬಂತು. ಅಷ್ಟರಲ್ಲಿ ಪೇಪರು ಓದುತ್ತಿದ್ದ ಯಜಮಾನರು ನಡುವೆ ಬಾಯಿ ಹಾಕಿ, "ಇನ್ನ ಮ್ಯಾಲೆ ಮರಾ ಹತ್ತಿ ಕುಂತು ಹೊಡಿತಾಳಂತ ಅವ್ವಾ. ಅದಕ್ಕ ಕುರ್ಚಿ ಹುಡುಕಾಕತ್ತಾಳ," ಎಂದರು.

"ಮರದ ಮ್ಯಾಲೆ ಯಾಕ?"

"ಹಂದಿಗೆ ನಾವು ಕಾಣಬಾರದಲ್ರಿ ಅತ್ತಿ," ಎಂದೆ.

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಜೀವಾನ ಇಲ್ಲಂತಿ. ಹಂಗಿದ್ರ ಕಣ್ಣ ಹೆಂಗ ಕಾಣತಾವ ಅದಕ್ಕ?" ಎಂದರು.

ಮುಂದಿನ ವಾರ ಅದೇ ಪ್ರಶ್ನೆಯನ್ನು ಅಧ್ಯಕ್ಷರ ಮುಂದಿಟ್ಟೆ. ಅವರು ಗಡ್ಡ ನೀವಿಕೊಂಡು, "ನಿಮ್ಮ ಅತ್ತೆಯವರಿಗೆ ನಮ್ಮ ಸಂಘ ಸೇರುವ ಉದ್ದೇಶವೇನೂ ಇಲ್ಲ ತಾನೆ?" ಎಂದು ಕೇಳಿದರು.

ಬೇರೆ ವಿಷಯ

ಮೊದಲು ಸೆಕೆಂಡ್ ಹ್ಯಾಂಡ್ ನೋಡೋಣ ಎಂದು ಒಂದು ಜಾಹೀರಾತಿನ ಜಾಡು ಹಿಡಿದು ಪಕ್ಕದ ಹಳ್ಳಿಗೆ ಹೋದೆ. ಮಾರುವವರು ಬಂದೂಕಿನ ಬೇಟೆಗಾರರು, ವಯಸ್ಸಾದವರು. ಕುರ್ಚಿಯನ್ನು ಮನೆ ಮುಂದೆ ತಂದಿಟ್ಟುಕೊಂಡು ಕಾಯುತ್ತಿದ್ದರು. "ಯಾತಕ್ಕೆ ಬೇಕು?" ಎಂದರು. "ಬಿಲ್ಲಿಗೆ," ಎಂದೆ. ತಕ್ಷಣ ಕುರ್ಚಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಬಿಲ್ಲಿನ ಬೇಟೆ ಇಲ್ಲಿ ಅಪರಾಧ, ಗೊತ್ತೇ?"

ಫೋನಿನಲ್ಲಿದ್ದ ಫೋಮಿನ ಹಂದಿಯ ಫೋಟೋ ತೋರಿಸಿದೆ. ಅವರು ಅದನ್ನು ದೊಡ್ಡದು ಮಾಡಿ, ಕಿವಿ ನೋಡಿ, ಬಾಲ ನೋಡಿ, ಹಂದಿ ಫೋಮಿನದೇ ಎಂದು ಖಾತ್ರಿ ಮಾಡಿಕೊಂಡು ಫೋನು ವಾಪಸ್ ಕೊಟ್ಟರು.

ಈಗ ನನ್ನ ಸರದಿ. ಟಾರ್ಚು ತೆಗೆದು ಬೆಸುಗೆಗಳನ್ನು ನೋಡಿದೆ. ಉಕ್ಕಿನ ಹಗ್ಗದ ಉದ್ದಕ್ಕೂ ಒಂದು ಹಳೇ ಬಟ್ಟೆ ಎಳೆದೆ. ಒಂದು ಕಡೆ ಬಟ್ಟೆ ಸಿಕ್ಕಿಕೊಂಡಿತು. "ಇಲ್ಲಿ ಎಳೆ ಕಡಿದಿದೆ," ಎಂದೆ. ಅವರಿಗೆ ಸಿಟ್ಟು ಬಂತು. "ಎಷ್ಟೋ ವರ್ಷ ಇದರಲ್ಲಿ ಕೂತಿದ್ದೇನೆ, ಒಂದು ದಿನವೂ ತೊಂದರೆ ಕೊಟ್ಟಿಲ್ಲ," ಎನ್ನುತ್ತಾ ಹಗ್ಗ ನೋಡಲು ನನ್ನ ಹತ್ತಿರ ಬಂದರು. ಬರುವಾಗ ಕುಂಟುತ್ತಿದ್ದರು.

"ಕಾಲಿಗೆ ಏನಾಯಿತು?" ಎಂದು ಕೇಳಿದೆ.

"ಅದು ಬೇರೆ ವಿಷಯ."

ಅಡುಗೆಮನೆಯ ಕಿಟಕಿಯಿಂದ ಅವರ ಹೆಂಡತಿಯ ದನಿ ಬಂತು. "ಬೇರೆ ವಿಷಯ ಅಲ್ಲ."

ಮುಖ ಆ ಕಡೆ

ಕಡೆಗೆ ಹೊಸದನ್ನೇ ತರಿಸಿದೆ. ಎಷ್ಟು ಭಾರ ತಡೆಯುತ್ತದೆ ಎಂದು ಅದರ ಮೇಲೆ ಬರೆದಿತ್ತು. ಬರೆದದ್ದನ್ನೆಲ್ಲ ನಂಬುವವಳಾಗಿದ್ದರೆ ನನ್ನ ಕೆಲಸ ಎಂದೋ ಹೋಗುತ್ತಿತ್ತು. ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರನ್ನು ಕೇಳಿ, ಹಿತ್ತಲಿನ ಮರಕ್ಕೆ ಆಳೆತ್ತರದಲ್ಲಿ ಕುರ್ಚಿ ಬಿಗಿದೆ. ಅದರಲ್ಲಿ ಸೋನಾಮಸೂರಿ ಅಕ್ಕಿಯ ಚೀಲಗಳು, ಅವುಗಳ ಮೇಲೆ ಗೋಧಿಹಿಟ್ಟಿನ ಚಿಕ್ಕ ಚೀಲ ಕೂರಿಸಿ, ಜಾರದಂತೆ ಬೆಲ್ಟು ಕಟ್ಟಿ, ಸಂಜೆಯವರೆಗೆ ಕೂತಿರಲಿ ಎಂದು ಆಫೀಸಿಗೆ ಹೋದೆ.

ಮಧ್ಯಾಹ್ನ ಜಿಟಿಜಿಟಿ ಹನಿಯತೊಡಗಿದೆ. ಅಕ್ಕಿ ತೋಯುತ್ತದಲ್ಲ ಎಂದು ಅತ್ತೆಗೆ ಸಂಕಟವಾಗಿ, ಸ್ಟೂಲು ಹತ್ತಿ ಯಜಮಾನರ ರೇನ್‌ಕೋಟನ್ನು ಚೀಲಗಳಿಗೆ ತೊಡಿಸಿ ಗುಂಡಿ ಹಾಕಿದ್ದಾರೆ. ಮೇಲಿನ ಹಿಟ್ಟಿನ ಚೀಲಕ್ಕೆ ತಮ್ಮ ಮಂಕಿ ಟೋಪಿ ಹಾಕಿದ್ದಾರೆ. ಇಷ್ಟು ಮಾಡಿ ನಿಶ್ಚಿಂತೆಯಿಂದ ಮಲಗಿದ್ದಾರೆ.

ನಾನು ಮನೆಗೆ ಬಂದಾಗ ಬಾಗಿಲಲ್ಲಿ ಇಬ್ಬರು ಪೊಲೀಸರು, ಅವರ ಹಿಂದೆ ಎದುರು ಕಟ್ಟಡದ ಹೆಂಗಸು. ಯಾರೋ ಒಬ್ಬ ಮನುಷ್ಯ ಮಧ್ಯಾಹ್ನದಿಂದ ಮರದಲ್ಲಿ ಕೂತು ತನ್ನ ಕಿಟಕಿಯನ್ನೇ ನೋಡುತ್ತಿದ್ದಾನೆ, ಗದರಿಸಿದರೂ ಮಿಸುಕುವುದಿಲ್ಲ ಎಂದು ಆಕೆಯ ದೂರು.

"ಅದು ಅಕ್ಕಿ," ಎಂದೆ.

ಎಲ್ಲರೂ ಹಿತ್ತಲಿಗೆ ಹೋದೆವು. ಒಬ್ಬ ಪೊಲೀಸ್ ಹುಷಾರಾಗಿ ಟೋಪಿ ಎತ್ತಿ ನೋಡಿದ. ಹಿಟ್ಟಿನ ಚೀಲವನ್ನು ಬೆರಳಿನಿಂದ ತಿವಿದ.

"ಇದನ್ನು ಯಾಕೆ ಮರದಲ್ಲಿ ಕೂರಿಸಿದ್ದೀರಿ?"

"ಬೀಳುತ್ತದೋ ಇಲ್ಲವೋ ನೋಡಲು."

"ಬಿದ್ದರೆ?"

"ಬಿದ್ದರೆ ನಾನು ಕೂರುವುದಿಲ್ಲ."

ಇಬ್ಬರೂ ಪಕ್ಕಕ್ಕೆ ಹೋಗಿ ಪಿಸಿಪಿಸಿ ಮಾತಾಡಿಕೊಂಡರು. ಅಕ್ಕಿಯನ್ನು ಮರದಲ್ಲಿ ಕೂರಿಸಬಾರದು ಎನ್ನುವ ಕಾನೂನು ಅವರಿಗೆ ನೆನಪಾಗಲಿಲ್ಲ ಎಂದು ಕಾಣುತ್ತದೆ, ಶುಭಸಂಜೆ ಹೇಳಿ ಹೊರಟರು. ಆದರೆ ಆ ಹೆಂಗಸು ಹೋಗಲಿಲ್ಲ. ರೇನ್‌ಕೋಟನ್ನು ಮತ್ತೊಮ್ಮೆ ದಿಟ್ಟಿಸಿ ನೋಡಿ, "ಅಕ್ಕಿಯೇ ಇರಬಹುದು. ಆದರೂ ಮುಖ ಆ ಕಡೆ ತಿರುಗಿಸಿ," ಎಂದಳು.

ಕೆಂಪು ಗುರುತು

ಕುರ್ಚಿ ಹತ್ತುವ ದಿನ ಬಂತು. ನವರಾತ್ರಿಯ ಸಮಯ. ಹೊಸ ಸಾಮಾನು, ಅದರಲ್ಲೂ ಆಯುಧದ ನಂಟಿನದು, ಪೂಜೆ ಮಾಡದೆ ಮುಟ್ಟುವುದು ಬೇಡ ಎಂದು ಅತ್ತೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದು ನನ್ನ, ಯಜಮಾನರ ಜೊತೆ ಕಾಡಿಗೇ ಬಂದರು. ಸಂಘದವರು ಇನ್ನೂ ಯಾರೂ ಬಂದಿರಲಿಲ್ಲ. ಕುರ್ಚಿಗೆ, ಬಿಲ್ಲಿಗೆ ಹಚ್ಚಿ, ನಾನು ಹತ್ತಬೇಕಾದ ಮರಕ್ಕೂ ಅಂಗೈಯಗಲದ ಕುಂಕುಮ ಇಟ್ಟರು. ಅಲ್ಲಿಗೆ ನಿಲ್ಲಿಸಬಹುದಿತ್ತು. "ಒಂದಕ್ಕ ಹಚ್ಚಿ ಉಳಿದವನ್ನ ಬಿಟ್ರ ಹೆಂಗವಾ? ಅವೂ ನೋಡಾಕತ್ತಾವ," ಎಂದು ಸುತ್ತಲಿನ ಮರಗಳಿಗೆಲ್ಲ ಹಚ್ಚಿಕೊಂಡು ಹೋದರು. ಫೋಮಿನ ಹಂದಿಯನ್ನು ಮಾತ್ರ ಬಿಟ್ಟರು. ಅದರ ಮೇಲೆ ಅವರಿಗೆ ಇನ್ನೂ ಅನುಮಾನವಿತ್ತು.

ಸದಸ್ಯರು ಒಬ್ಬೊಬ್ಬರಾಗಿ ಬಂದು ಕೈಕಟ್ಟಿ ನಿಂತರು. ಸೊಂಟಕ್ಕೆ, ಹೆಗಲಿಗೆ ಬೆಲ್ಟು ಬಿಗಿದುಕೊಂಡು ಹತ್ತಲು ಶುರುಮಾಡಿದೆ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಮೇಲೆ ತಲುಪಿ, ಕೂತು, ಬಿಲ್ಲು ಎಳೆದು ಬಿಟ್ಟೆ. ಬಾಣ ಹೋಗಿ ಹಂದಿಯ ಪಕ್ಕೆಗೆ ನೆಟ್ಟಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಕುರ್ಚಿ ಅಲುಗಿತೇ?" ಎಂದು ಅಧ್ಯಕ್ಷರು ಕೆಳಗಿನಿಂದ ಕೇಳಿದರು.

"ಇಲ್ಲ. ನಾನು ಅಲುಗಿದೆ."

"ಒಳ್ಳೆಯದು. ಹಾಗಾದರೆ ಈಗ ಸದಸ್ಯತ್ವದ ವಿಚಾರ," ಎಂದು ಅವರು ಶುರುಮಾಡುವಷ್ಟರಲ್ಲಿ, ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಮರ ಕೊಯ್ಯುವ ಮಷಿನ್ನು ಹಿಡಿದ ಕಾಡಿನ ಕೆಲಸಗಾರನೊಬ್ಬ ಬಂದ. ನನ್ನ ಮರದ ಕುಂಕುಮ ನೋಡಿದ. ಕತ್ತೆತ್ತಿ ನನ್ನನ್ನು ನೋಡಿದ.

"ಇಳಿಯಿರಿ. ಈ ಮರ ಕಡಿಯಬೇಕು," ಎಂದ.

ಇಲ್ಲಿನ ಕಾಡಿನಲ್ಲಿ ಕಡಿಯಬೇಕಾದ ಮರಕ್ಕೆ ಕೆಂಪು ಗುರುತು ಹಾಕಿರುತ್ತಾರೆ. ಅದು ನನಗೆ ಗೊತ್ತಿತ್ತು. ಕುಂಕುಮ ಕೆಂಪಗಿರುತ್ತದೆ ಎನ್ನುವುದೂ ಗೊತ್ತಿತ್ತು. ಎಲ್ಲದರ ಮೇಲೂ ಅನುಮಾನ ಪಡುವ ನನಗೆ ಇವೆರಡನ್ನು ಕೂಡಿಸಿ ನೋಡುವುದು ಮಾತ್ರ ಹೊಳೆದಿರಲಿಲ್ಲ.

"ಈ ಮರ ಕಡಿಯಬೇಡಿ," ಎಂದೆ ಮೇಲಿನಿಂದ.

ಆತನ ಮುಖ ಬಿಗಿಯಿತು. ಮರ ಕಡಿಯುವುದನ್ನು ತಡೆಯಲು ಮರವೇರಿ ಕೂತು, ಏನು ಮಾಡಿದರೂ ಇಳಿಯದೆ ಹೋರಾಡುವವರು ಈ ದೇಶದಲ್ಲಿದ್ದಾರೆ. "ನೀವು ಆ ಚಳವಳಿಯವರು ತಾನೆ?" ಎಂದ.

"ಅಲ್ಲ. ನಾನು ಈ ಬಿಲ್ಲುಗಾರರ ಸಂಘದವಳು."

ಆತ ಅಧ್ಯಕ್ಷರ ಕಡೆ ತಿರುಗಿದ. "ಇವರು ನಿಮ್ಮ ಸದಸ್ಯರೇ?"

ಅಧ್ಯಕ್ಷರು ಸುಳ್ಳು ಹೇಳುವವರಲ್ಲವಲ್ಲ. "ಇನ್ನೂ ಇಲ್ಲ," ಎಂದರು.

ನನಗೆ ನಿಜಕ್ಕೂ ಅಳು ಬಂತು. ವರ್ಷವಿಡೀ ಇವರ ಬಾಣ ಹೆಕ್ಕಿ ಕೊಟ್ಟಿದ್ದೇನೆ, ಹಂದಿಯ ಕಿವಿ ಅಂಟಿಸಿದ್ದೇನೆ, ಆದರೂ ಕೇಳಿದಾಗ ನಾನು ಇವರವಳಲ್ಲ. "ಅಧ್ಯಕ್ಷರೇ," ಎಂದೆ.

ಅವರು ಗಂಟಲು ಸರಿಮಾಡಿಕೊಂಡರು. ಕೆಲಸಗಾರನಿಗೆ ಸ್ವಲ್ಪ ತಡೆಯಿರಿ ಎಂದು ಕೈ ತೋರಿಸಿ, ಸಭೆ ಶುರುವಾಗಿದೆ ಎಂದು ಸಾರಿದರು. "ಮರದ ಮೇಲಿರುವ ಈ ಮಹಿಳೆಯನ್ನು ಸಂಘಕ್ಕೆ ಸೇರಿಸಿಕೊಳ್ಳಲು ಒಪ್ಪುವವರು ಕೈ ಎತ್ತಿ." ಕಟ್ಟಿದ್ದ ಕೈಗಳು ಬಿಚ್ಚಿಕೊಂಡು ಒಂದೊಂದಾಗಿ ಮೇಲೆದ್ದವು. ನಮ್ಮ ಯಜಮಾನರೂ ಎತ್ತಿದರು, ನಿಮಗೆ ಹಕ್ಕಿಲ್ಲ ಎಂದು ಪಕ್ಕದವರು ಅವರ ಕೈ ಇಳಿಸಿದರು. ಎಲ್ಲ ಎಣಿಸಿದ ಮೇಲೆ ಅಧ್ಯಕ್ಷರು, "ಈಗ ಹೌದು. ಇವರು ನಮ್ಮವರು," ಎಂದರು. ಅಷ್ಟು ಎತ್ತರದಲ್ಲಿ ಕೂತು ಅಷ್ಟು ಸಂತೋಷ ನಾನು ಎಂದೂ ಪಟ್ಟಿರಲಿಲ್ಲ.

"ಎಲ್ಲಾರೂ ಯಾಕ ಕೈ ಎತ್ಯಾರ?" ಎಂದು ಅತ್ತೆ ಮಗನನ್ನು ಕೇಳಿದರು.

"ನಿನ್ನ ಸೊಸಿನ್ನ ಸಂಘಕ್ಕ ಸೇರಿಸ್ಕೊಂಡ್ರವಾ," ಎಂದರು ಯಜಮಾನರು.

ಕೆಲಸಗಾರನಿಗೆ ಮಾತ್ರ ಇನ್ನೂ ನಂಬಿಕೆ ಬಂದಿರಲಿಲ್ಲ. "ಹಾಗಾದರೆ ಈ ಕೆಂಪು ಗುರುತು ಹಾಕಿದವರು ಯಾರು?" ಎನ್ನುತ್ತಾ ಒಂದೊಂದೇ ಮರವನ್ನು ನೋಡುತ್ತಿದ್ದ. ನಾನು ಮೇಲಿನಿಂದ ವಿವರಿಸಲು ಬಾಯಿ ತೆರೆಯುವುದರೊಳಗೆ, ಸುದ್ದಿ ಕೇಳಿ ಖುಷಿಯಾದ ಅತ್ತೆ ಬಟ್ಟಲು ಹಿಡಿದು ನೆಟ್ಟಗೆ ಅಧ್ಯಕ್ಷರ ಬಳಿ ಹೋಗಿ, ಅವರ ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟುಬಿಟ್ಟರು.

ಆತ ಮರ ನೋಡಿದ. ಅಧ್ಯಕ್ಷರ ಹಣೆ ನೋಡಿದ. ಆಮೇಲೆ ಮಷಿನ್ನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು ಮೆಲ್ಲಗೆ ನನ್ನನ್ನು ಕೇಳಿದ:

"ಇವರನ್ನೂ ಕಡಿಯಬೇಕೇ?"