ನಲವತ್ತೊಂದನೇ ಪುಟದ ಅಧ್ಯಕ್ಷರಿಗೆ

ಓದುತ್ತಿರುವವರ ಸಂಘದ ಆಜೀವ ಅಧ್ಯಕ್ಷರೂ, ನಿವೃತ್ತ ಸ್ಟೇಷನ್ ಮಾಸ್ಟರರೂ, ಒಂದೇ ಕಾದಂಬರಿಯ ನಲವತ್ತೊಂದನೇ ಪುಟವನ್ನು ಆರು ವರ್ಷಗಳಿಂದ ಬಿಡದೆ ಓದುತ್ತಿರುವ ಮಹನೀಯರೂ ಆದ ತಮ್ಮ ಸನ್ನಿಧಿಗೆ, ಗ್ರಂಥಾಲಯದ ಎದುರಿನ ಕನ್ನಡಕದಂಗಡಿಯವನು ಗಾಜು ಒರೆಸುವ ಬಟ್ಟೆಯನ್ನು ಪಕ್ಕಕ್ಕಿಟ್ಟು, ಎರಡೂ ಕೈ ಜೋಡಿಸಿ ಮಾಡಿಕೊಳ್ಳುವ ಅರಿಕೆ.

ಮಾನ್ಯರೇ,

ತಾವು ಆರೋಗ್ಯವಾಗಿದ್ದೀರೆಂದು ಬಲ್ಲೆ. ನನ್ನ ಅಂಗಡಿ ಕಂಡ ಕೂಡಲೇ ರಸ್ತೆಯ ಆಚೆ ಬದಿಗೆ ದಾಟಿ, ಮಳೆಯೂ ಇಲ್ಲದೆ ಬಿಸಿಲೂ ಇಲ್ಲದೆ ಕೊಡೆ ಬಿಚ್ಚಿ, ಮುಖ ಮರೆಸಿಕೊಂಡು ತಾವು ಹಾಕುವ ಹೆಜ್ಜೆಯ ಬಿರುಸು ನೋಡಿದರೆ ತಮ್ಮ ಮಂಡಿಗಳು ಪ್ರಾಯದವರ ಮಂಡಿಗಳಿಗೇನೂ ಕಡಿಮೆಯಿಲ್ಲ. ಅದಕ್ಕಾಗಿ ಮೊದಲು ಅಭಿನಂದನೆ ಸಲ್ಲಿಸಿ, ಆಮೇಲೆ ದೂರಿಗೆ ಬರುತ್ತೇನೆ.

ಕಳೆದ ತಿಂಗಳ ಕೊನೆಯ ಶನಿವಾರ ಸಂಜೆ ಐದೂ ಕಾಲಿಗೆ, ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ, ಹದಿನಾಲ್ಕು ಮಂದಿ ಸದಸ್ಯರ ಎದುರಿಗೆ, ಪುಸ್ತಕವೊಂದನ್ನು ಓದಿ ಮುಗಿಸಿದ ಅಪರಾಧಕ್ಕಾಗಿ ನನ್ನನ್ನು ಸಂಘದಿಂದ ಹೊರಗೆ ಹಾಕಲಾಯಿತು. ಈ ಪತ್ರದ ಒಂದು ಪ್ರತಿಯನ್ನು ಗ್ರಂಥಾಲಯದ ಸೂಚನಾ ಫಲಕದಲ್ಲಿ ಅಂಟಿಸುತ್ತಿರುವುದರಿಂದ, ನಮ್ಮ ಒಳಗುಟ್ಟು ತಿಳಿಯದ ದಾರಿಹೋಕರು ಇಲ್ಲೇನೋ ಅಚ್ಚಿನ ತಪ್ಪಾಗಿದೆ ಎಂದುಕೊಂಡಾರು. ತಪ್ಪೇನೂ ಆಗಿಲ್ಲ. ನಮ್ಮ ಸಂಘದಲ್ಲಿ ಪುಸ್ತಕ ಓದುವುದು ಕರ್ತವ್ಯ, ಮುಗಿಸುವುದು ಅಪರಾಧ.

ಈ ನಿಯಮ ಹುಟ್ಟಿದ ಬಗೆಯನ್ನು ನೆನೆದರೆ ಇಂದಿಗೂ ತಮ್ಮ ದೂರದೃಷ್ಟಿಗೆ ತಲೆಬಾಗಬೇಕೆನಿಸುತ್ತದೆ. ಹಿಂದೊಮ್ಮೆ ಸದಸ್ಯರೊಬ್ಬರು ಬಾಯಿಚಪಲ ತಾಳಲಾರದೆ ಪತ್ತೇದಾರಿ ಕಾದಂಬರಿಯೊಂದರ ಕೊಲೆಗಾರನ ಹೆಸರನ್ನು, ಅದನ್ನು ಇನ್ನೂ ಅರ್ಧ ಓದಿದ್ದ ನಮ್ಮ ಹಲ್ಲಿನ ಡಾಕ್ಟರಮ್ಮನ ಮುಂದೆ ಹೇಳಿಬಿಟ್ಟರು. ಡಾಕ್ಟರಮ್ಮ ಅವರ ಜೊತೆ ನಾಲ್ಕು ತಿಂಗಳು ಮಾತು ಬಿಟ್ಟರು. ಆ ಹೊತ್ತಿಗೆ ಆ ಸದಸ್ಯರ ದವಡೆ ಹಲ್ಲನ್ನು ಅವರೇ ಅರ್ಧ ಕೊರೆದು ಇಟ್ಟಿದ್ದರು. ಇಂಥ ಅನಾಹುತ ಮರುಕಳಿಸಬಾರದೆಂದು ತಾವು ಅಂದೇ ಎದ್ದು ನಿಂತು, ಇನ್ನು ಮುಂದೆ ಸದಸ್ಯರು ಸದ್ಯ ಓದುತ್ತಿರುವ ಪುಸ್ತಕದ ಬಗ್ಗೆ ಮಾತ್ರ, ಅದೂ ಪುಟಗುರುತು ಇಟ್ಟಿರುವ ಜಾಗದವರೆಗೆ ಮಾತ್ರ ಅಭಿಪ್ರಾಯ ಹಂಚಿಕೊಳ್ಳತಕ್ಕದ್ದು ಎಂದು ಸಾರಿದಿರಿ. ಮುಗಿಸಿದವನು ಹೊಸದೊಂದು ಶುರು ಮಾಡಿದರಾಯಿತಲ್ಲ ಎಂದು ಯಾರೋ ಕೇಳಿದ್ದಕ್ಕೆ, ಒಮ್ಮೆ ಮುಗಿಸಿದವನು ಮತ್ತೂ ಮುಗಿಸುತ್ತಾನೆ, ಅದು ಬಿಡಲಾಗದ ಚಟ ಎಂದು ಕಾರ್ಯದರ್ಶಿಗಳು ಹೇಳಿದರು; ಎಲ್ಲರೂ ಚಪ್ಪಾಳೆ ತಟ್ಟಿದೆವು. ತಟ್ಟಿದವರಲ್ಲಿ ನಾನೂ ಒಬ್ಬ, ಸುಳ್ಳು ಹೇಳುವುದಿಲ್ಲ.

ಅಂದಿನಿಂದ ಪುಸ್ತಕ ಮುಗಿಯದಂತೆ ನೋಡಿಕೊಳ್ಳುವುದರಲ್ಲಿ ನಮ್ಮ ಸದಸ್ಯರು ತೋರಿದ ಪ್ರತಿಭೆಯನ್ನು ಏನೆಂದು ಹೊಗಳಲಿ? ನಮ್ಮ ದರ್ಜಿ ತಮ್ಮ ಕಾದಂಬರಿಯ ಕೊನೆಯ ಮೂರು ಅಧ್ಯಾಯಗಳನ್ನು ಕಪ್ಪು ದಾರದಲ್ಲಿ, ಪ್ಯಾಂಟಿನ ಅಂಚಿಗೆ ಹಾಕುವ ಹೊಲಿಗೆ ಹಾಕಿ ಮುಚ್ಚಿದರು. ಡಾಕ್ಟರಮ್ಮ ಚುಚ್ಚಿದ ಮದ್ದಿಗೆ ರೋಗಿಯ ಒಸಡು ಮರಗಟ್ಟುವಷ್ಟು ಹೊತ್ತು ಮಾತ್ರ ಓದುತ್ತಾರೆ. ಅಂದರೆ ಒಂದು ಹಲ್ಲಿಗೆ ಅರ್ಧ ಪುಟ. ಕಾರ್ಯದರ್ಶಿಗಳಂತೂ ಯಾವ ಅಪಾಯವೂ ಬೇಡವೆಂದು ನಿಘಂಟನ್ನೇ ಹಿಡಿದುಕೊಂಡು ಇನ್ನೂ ಮೊದಲನೇ ಅಕ್ಷರದಲ್ಲಿದ್ದಾರೆ, ಪಾತ್ರಪೋಷಣೆ ಸಾಲದು ಎಂದು ವಾರವಾರವೂ ಅಭಿಪ್ರಾಯ ಕೊಡುತ್ತಾರೆ. ಇನ್ನು ತಾವೋ, ಮೂವತ್ತು ವರ್ಷ ರೈಲುಗಳನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸಿದ ಅನುಭವವನ್ನೆಲ್ಲ ಧಾರೆಯೆರೆದು, ಆ ದಪ್ಪ ಕಾದಂಬರಿಯನ್ನು ನಲವತ್ತೊಂದನೇ ಪುಟದಲ್ಲಿ ನಿಲ್ಲಿಸಿದ್ದೀರಿ. ಆ ಒಂದು ಪುಟದ ಮೇಲೆ ತಾವು ಇದುವರೆಗೆ ಮುನ್ನೂರಕ್ಕೂ ಹೆಚ್ಚು ಭಾಷಣ ಮಾಡಿದ್ದೀರಿ. ಬರೆದ ಪುಣ್ಯಾತ್ಮರಿಗೆ ಆ ಪುಟ ಬರೆಯಲು ಒಂದು ಮಧ್ಯಾಹ್ನ ಹಿಡಿದಿರಬಹುದು.

ನಾನೂ ಕಡಿಮೆಯವನೇನಲ್ಲ. ಒಬ್ಬ ದೋಣಿಯವನು, ಕಾರಣ ಹೇಳದೆ ದಿನವೂ ಹೊಳೆ ದಾಟುವ ಒಬ್ಬ ಹೆಂಗಸು, ಇಷ್ಟೇ ಇರುವ ಇನ್ನೂರ ಹದಿನಾಲ್ಕು ಪುಟಗಳ ಕಾದಂಬರಿಯನ್ನು ಇನ್ನೂರ ಮೂರನೇ ಪುಟದಲ್ಲಿ ಐದು ತಿಂಗಳು ಹಲ್ಲು ಕಚ್ಚಿ ತಡೆದಿದ್ದೆ. ಆಗ ಬಂದರು, ಮಾನ್ಯರೇ, ತಮ್ಮ ಸ್ವಂತ ಅಕ್ಕ.

ವಿಚಾರಣೆಯ ದಿನ ತಮ್ಮ ಮರ್ಯಾದೆ ಕಾಯಲೆಂದು ಯಾರೋ ಒಬ್ಬ ಹಿರಿಯ ಗಿರಾಕಿ ಎಂದಷ್ಟೇ ಹೇಳಿದ್ದೆ, ಇನ್ನು ಮುಚ್ಚಿಡಲಾರೆ. ಓದುವ ಕನ್ನಡಕ ಮಂಜಾಗಿದೆಯೆಂದು ಅಕ್ಕ ಗುರುವಾರ ಮಧ್ಯಾಹ್ನ ಮೂರಕ್ಕೆ ಬಂದರು. ಅಕ್ಷರ ಪರೀಕ್ಷೆಯ ಕಾರ್ಡಿನ ಸಾಲುಗಳು ಊರಿಗೆಲ್ಲ ಬಾಯಿಪಾಠವಾಗಿ, ಕಣ್ಣು ಕಾಣದವರೂ ಗಡಗಡನೆ ಒಪ್ಪಿಸುವುದರಿಂದ, ಓದಿ ನೋಡಲು ನನ್ನ ಪುಸ್ತಕವನ್ನೇ ಕೊಡುವುದು ನನ್ನ ಪದ್ಧತಿ. ಪರೀಕ್ಷೆಯ ಚೌಕಟ್ಟಿಗೆ ಗಾಜು ಹಾಕಿ ಅವರ ಮೂಗಿನ ಮೇಲೆ ಕೂರಿಸಿ, ಪುಟಗುರುತು ಇದ್ದ ಕಡೆ ಪುಸ್ತಕ ತೆರೆದುಕೊಟ್ಟು, ನಾನು ಅವರ ಹಳೆಯ ಕನ್ನಡಕದ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಲು ಕೂತೆ. ಎರಡು ಸಾಲು ಓದಿ ನಿಲ್ಲಿಸುವುದು ವಾಡಿಕೆ. ಅಕ್ಕ, "ಅಯ್ಯೋ, ಎಷ್ಟು ಚೆನ್ನಾಗಿ ಕಾಣ್ತಾ ಇದೆಯಪ್ಪಾ, ಅಕ್ಷರಗಳೇ ಎದ್ದು ಬಂದು ಮಾತಾಡಿಸ್ತಾ ಇವೆ!" ಎಂದವರೇ, ಗಟ್ಟಿಯಾಗಿ, ಒಂದೊಂದು ಪಾತ್ರಕ್ಕೆ ಒಂದೊಂದು ದನಿ ಮಾಡಿ, ಓದುತ್ತಲೇ ಹೋದರು.

ನನ್ನ ಎರಡೂ ಕೈಗಳು ಬಿಸಿ ಕಡ್ಡಿಯಲ್ಲಿ ಸಿಕ್ಕಿಕೊಂಡಿದ್ದವು. ಕಿವಿ ಮುಚ್ಚಿಕೊಳ್ಳಲು ದೇವರು ಮೂರನೆಯ ಕೈ ಕೊಟ್ಟಿಲ್ಲ. ಇಲ್ಲಿಯವರೆಗಿನದು ನನ್ನ ವಾದ; ಇನ್ನು ತಪ್ಪೊಪ್ಪಿಗೆ. ಎರಡನೇ ಪುಟಕ್ಕೆ "ಸಾಕು ಅಕ್ಕಾ" ಅನ್ನಬಹುದಿತ್ತು. ಅನ್ನಲಿಲ್ಲ. ಆ ಹೆಂಗಸು ಅಷ್ಟು ದಿನ ಹೊಳೆ ದಾಟಿದ್ದು ಯಾಕೆಂದು ತಿಳಿಯದೆ ಇನ್ನೊಂದು ದಿನ ಬದುಕುವುದು ನನ್ನಿಂದಾಗುತ್ತಿರಲಿಲ್ಲ. ಹನ್ನೊಂದು ಪುಟ ಮುಗಿದಾಗ ಅಕ್ಕನ ಗಾಜು ಒಳಗಿನಿಂದ ಮಂಜಾಗಿತ್ತು, ನನ್ನ ಕೈಯಲ್ಲಿದ್ದ ಕಡ್ಡಿ ಕರಗಿ ಕೊಕ್ಕೆಯಾಗಿತ್ತು. ಆಮೇಲೆ ಅವರು ಮೂಗು ಒರೆಸಿಕೊಂಡು, ಇನ್ನೊಂದು ಪುಸ್ತಕ ಇದೆಯಾ ಎಂದು ಕೇಳಿದರು.

ಶನಿವಾರದವರೆಗೆ ನಾನು ಪಟ್ಟ ಪಾಡನ್ನು ತಾವು ಊಹಿಸಲಾರಿರಿ. ಮನೆಯಲ್ಲಿ ಬಾಯಿ ತೆರೆದರೆ ಹೆಂಡತಿ, "ನಾನಿನ್ನೂ ಶುರು ಮಾಡಿಲ್ಲ, ಏನಾದ್ರೂ ಹೇಳಿದ್ರೆ ನೋಡಿ" ಎಂದು ಸೌಟು ತೋರಿಸುತ್ತಾಳೆ. ಭಾವಮೈದುನ ಹುಟ್ಟಿದಾಗಿನಿಂದ ಏನನ್ನೂ ಓದಿದವನಲ್ಲ, ಅವನಿಗೆ ಪೂರ್ತಿ ಕತೆ ಹೇಳಿದೆ, ಎಲ್ಲ ಕೇಳಿ "ದೋಣಿ ಯಾವ ಮರದ್ದು ಭಾವ?" ಎಂದ. ಒಬ್ಬ ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ ಹೇಳತೊಡಗಿದರೆ, ಆತ ಪರೀಕ್ಷೆಯ ಚೌಕಟ್ಟು ಮೂಗಿನ ಮೇಲಿರುವಂತೆಯೇ ಎದ್ದು ಓಡಿ ಬಸ್ಸು ಹತ್ತಿಬಿಟ್ಟ. ಆ ಚೌಕಟ್ಟು ಇನ್ನೂ ವಾಪಸು ಬಂದಿಲ್ಲ.

ಹೀಗಾಗಿ ಶನಿವಾರ ನನ್ನ ಸರದಿ ಬಂದಾಗ "ಕೊನೆಗೆ ಆ ದೋಣಿಯವನು" ಎಂಬಷ್ಟು ಮಾತು ತಂತಾನೇ ಬಾಯಿಂದ ಜಾರಿತು. ಡಾಕ್ಟರಮ್ಮ ಎರಡೂ ಕಿವಿಗೆ ಹತ್ತಿ ತುರುಕಿಕೊಂಡರು, ಕಾರ್ಯದರ್ಶಿಗಳು ನಿಘಂಟಿನ ಹಿಂದೆ ಅಡಗಿದರು, ತಾವು ಜೇಬಿನಿಂದ ರೈಲ್ವೆ ಸೀಟಿ ತೆಗೆದು ಊದಿದಿರಿ. ಕಣ್ಣಿನಿಂದ ಓದಿಲ್ಲ, ಕಿವಿಗೆ ಬಿದ್ದದ್ದಷ್ಟೇ ಎಂದು ನಾನು ಬೇಡಿಕೊಂಡರೆ, ಯಾವ ಹಳಿಯ ಮೇಲೆ ಬಂದರೂ ರೈಲು ಸೇರುವುದು ಅದೇ ನಿಲ್ದಾಣಕ್ಕೆ ಎಂದು ತೀರ್ಪಿತ್ತಿರಿ. ಅರ್ಧ ಕುಡಿದಿದ್ದ ಟೀ ಲೋಟವನ್ನು ನನ್ನ ಕೈಯಿಂದ ತೆಗೆದುಕೊಳ್ಳಲಾಯಿತು. ನನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಲಾಯಿತು.

ಮಾನ್ಯರೇ, ಟೀ ಹೋಗಲಿ. ಕುರ್ಚಿಯೂ ಹೋಗಲಿ. ಒಂದು ಪುಸ್ತಕ ಮುಗಿಸಿ, ಎದೆ ಭಾರ ಮಾಡಿಕೊಂಡು, ಅದನ್ನು ಹೇಳಿಕೊಳ್ಳಲು ಊರಿನಲ್ಲಿ ಒಂದು ಜೀವವೂ ಸಿಗದೆ ಓಡಾಡುವವನ ಸಂಕಟ ಎಂಥದೆಂದು ತಮಗೆ ಹೇಗೆ ಹೇಳಲಿ? ಮೊನ್ನೆ ನಮ್ಮ ದರ್ಜಿ ಕಣ್ಣು ತೋರಿಸುವ ನೆಪದಲ್ಲಿ ಬಂದು, ಅಂಗಡಿಯ ಪರದೆ ಎಳೆದು, ಮೂರು ವರ್ಷದ ಹಿಂದೆಯೇ ಹೊಲಿಗೆ ಬಿಚ್ಚಿ ಪೂರ್ತಿ ಓದಿ, ಅದೇ ತೂತುಗಳಲ್ಲಿ ಮತ್ತೆ ದಾರ ಹಾಕಿದ್ದಾಗಿ ಒಪ್ಪಿಕೊಂಡರು. "ಯಾರಿಗಾದ್ರೂ ಹೇಳ್ಬೇಕು ಅನ್ನಿಸಿದಾಗೆಲ್ಲ ಹೊಲಿಗೆ ಮಿಷನ್ ಜೋರಾಗಿ ತುಳೀತೀನಿ" ಎಂದರು. ಅವರ ಹೆಸರನ್ನು ದಯವಿಟ್ಟು ಎಲ್ಲಿಯೂ ಹೇಳಬೇಡಿ. ಊರಿಗೆ ದರ್ಜಿ ಅವರೊಬ್ಬರೇ ಆದ್ದರಿಂದ ಗುಟ್ಟು ಕಾಯುವುದು ನಮ್ಮಿಬ್ಬರ ಹೊಣೆ.

ಆದುದರಿಂದ ತಾವು ದೊಡ್ಡ ಮನಸ್ಸು ಮಾಡಿ, ನನ್ನ ತಲೆಯಿಂದ ಆ ಹನ್ನೊಂದು ಪುಟಗಳನ್ನು ಮಾತ್ರ ನೋವಾಗದಂತೆ ಕೀಳಿಸಬೇಕಾಗಿ ಪ್ರಾರ್ಥನೆ. ಡಾಕ್ಟರಮ್ಮನನ್ನು ಕೇಳಿದ್ದಾಗಿದೆ, ಬೇರು ಎಲ್ಲಿದೆಯೆಂದು ತೋರಿಸಿದರೆ ಇಕ್ಕಳ ತರುವೆನೆಂದಿದ್ದಾರೆ. ಅದಾಗದಿದ್ದರೆ, ನಾನು ಸಾಯುವವರೆಗೆ ವಾರಕ್ಕೊಂದು ಪುಟದಂತೆ ಕಾದಂಬರಿಯನ್ನು ಬೆಳೆಸಿಕೊಂಡು ಹೋಗಲು ಅದರ ಲೇಖಕರಿಗೆ ಆಜ್ಞಾಪಿಸಬೇಕು. ಇಲ್ಲವೇ ಇನ್ನು ಮೇಲೆ ಕೊನೆಯ ಪುಟವಿರುವ ಪುಸ್ತಕಗಳನ್ನೇ ಅಚ್ಚು ಹಾಕಬಾರದೆಂದು ಪ್ರಕಾಶಕರಿಗೆಲ್ಲ ಸುತ್ತೋಲೆ ಕಳಿಸಬೇಕು. ಇವು ಮೂರೂ ಕಷ್ಟವೆನಿಸಿದಲ್ಲಿ, ಕಟ್ಟಕಡೆಯ ಉಪಾಯವಾಗಿ, ನಾನು ಹೇಳುವುದನ್ನು ಹತ್ತು ನಿಮಿಷ ಕೂತು ಕೇಳಬಹುದು. ಆದರೆ ಅಷ್ಟು ಅತಿರೇಕದ ಬೇಡಿಕೆ ಇಡುವ ಧೈರ್ಯ ನನಗಿಲ್ಲ.

ಹೆಚ್ಚು ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಪತ್ರವನ್ನಾದರೂ ತಾವು ಕೊನೆಯವರೆಗೆ ಓದುವಿರೆಂದು ನಂಬಿರುವ,

ತಮ್ಮ ವಿಶ್ವಾಸಿ,
ಎದುರಂಗಡಿಯ ಕನ್ನಡಕದವನು
(ಮಾಜಿ ಸದಸ್ಯ, ಓದುತ್ತಿರುವವರ ಸಂಘ; ಹಾಲಿ ಓದಿ ಮುಗಿಸಿದವನು)

ವಿ. ಸೂ.: ಇದನ್ನು ತಮ್ಮ ಪ್ರತಿಯಲ್ಲಿ ಮಾತ್ರ ಬರೆದಿದ್ದೇನೆ, ಫಲಕದ ಪ್ರತಿಯಲ್ಲಿಲ್ಲ. ಅಕ್ಕ ಈಗ ದಿನವೂ ಮಧ್ಯಾಹ್ನ ಮೂರಕ್ಕೆ ಅಂಗಡಿಗೆ ಬಂದು ಓದುತ್ತಾರೆ. ಈ ವಾರ ಹಿಡಿದಿರುವುದು ತಮ್ಮ ಆ ಕಾದಂಬರಿಯನ್ನೇ. ತಮ್ಮ ದಿಂಬಿನ ಕೆಳಗಿನ ಪ್ರತಿಯನ್ನು ಮುಟ್ಟಿಲ್ಲ, ಗ್ರಂಥಾಲಯದ ಇನ್ನೊಂದು ಪ್ರತಿ. ನಿನ್ನೆ ಪುಸ್ತಕ ಮುಚ್ಚುವಾಗ ಅವರೇ ಹೇಳಿದರು: "ಅವನು ಆರು ವರ್ಷದ ಹಿಂದೇನೇ ಇದನ್ನ ಮುಗಿಸಿದಾನೆ ಕಣಪ್ಪಾ. ಮುಗಿಸಿ, ಬಚ್ಚಲುಮನೆಗೆ ಹೋಗಿ, ನಲ್ಲಿ ಬಿಟ್ಕೊಂಡು ಅತ್ತ. ಏನಾಯ್ತೋ ಅಂದ್ರೆ ಕಣ್ಣಿಗೆ ಸೋಪು ಬಿತ್ತು ಅಂದ." ನನ್ನ ಕೆಲಸದವರಿಗೆ ಸೋಪಿನ ಕಣ್ಣು ಯಾವುದು, ಅತ್ತ ಕಣ್ಣು ಯಾವುದೆಂದು ಗೊತ್ತಾಗುತ್ತದೆ, ಮಾನ್ಯರೇ, ಆಗ ಮರುದಿನ ಬೆಳಿಗ್ಗೆಯೇ ತಾವು ಗಾಜು ಬದಲಿಸಲು ಬಂದಿದ್ದಿರಿ, ನಾನಾಗಿ ಕೇಳಲಿಲ್ಲ, ತಪ್ಪು ನನ್ನದೇ. ನಾವೀಗ ನಲವತ್ತನೇ ಪುಟದಲ್ಲಿದ್ದೇವೆ. ಮುಂದಿನದನ್ನು ತಾವು ಬರುವವರೆಗೆ ಓದಕೂಡದೆಂದು ಅಕ್ಕನಿಗೆ ಹೇಳಿ, ಅವರ ಹೊಸ ಕನ್ನಡಕವನ್ನು ನನ್ನ ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಅವರು ಬಹಳ ಹೊತ್ತು ಸುಮ್ಮನಿರುವವರಲ್ಲ, ಬೇಗ ಬನ್ನಿ. ಅಳು ಬಂದರೆ ಸೋಪಿನ ನೆಪ ಬೇಡ, ಗಾಜು ಒರೆಸುವ ಬಟ್ಟೆ ನನ್ನಲ್ಲಿ ಬೇಕಾದಷ್ಟಿದೆ.